ದೊರೆ ಕೋಳಿ ಕೊಂಡದ್ದು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ದೊರೆಯ ಆಸ್ತಿ ಎಂದರೆ ಮನೆಯ ಮುಂದಿನ ಒಂದು ಶೆಡ್ಡು, ಅದರೊಳಗೆ ತಗಡಿನ ಹಾಳೆಗಳು, ಮರದ ಕೊಡತಿ, ದೊಡ್ಡದೊಂದು ಚಿಕ್ಕದೊಂದು ಕತ್ತರಿ, ಬೆಸುಗೆ ಹಾಕುವ ಕಬ್ಬಿಣ. ಟ್ರಂಕು, ಡಬ್ಬಿ, ಬಕೆಟ್ಟು, ಎಣ್ಣೆ ಸುರಿಯುವ ಆಲಿಕೆ, ಇವು ಅವನ ಕೈಯಿಂದ ಹೊರಬರುತ್ತಿದ್ದ ಸಾಮಾನು. ಕೆಲಸಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಅವನು ಮಾಡಿದ ಬಕೆಟ್ಟು ಸೋರಿದ್ದನ್ನು ಕಂಡವರಿಲ್ಲ. ಆದರೆ ಗತ್ತು ನೋಡಬೇಕಿತ್ತು! ಎದುರು ಮನೆಯವರು ‘ಊಟ ಆಯ್ತಾ’ ಎಂದರೆ ತಿರುಗಿ ನೋಡುವುದಿಲ್ಲ. ಹಿಂದಿನಿಂದ ಹೆಸರು ಹಿಡಿದು ಕರೆದರೂ ತನ್ನ ಪಾಡಿಗೆ ತಾನು ನಡೆದುಬಿಡುತ್ತಾನೆ. ಅಂಥವನನ್ನು ದೊರೆ ಎನ್ನದೆ ಇನ್ನೇನೆನ್ನಬೇಕು, ನೀವೇ ಹೇಳಿ.

ನಿಜ ಸಂಗತಿ ಇಷ್ಟೇ: ದೊರೆಗೆ ಕಿವಿ ಕೇಳಿಸುತ್ತಿರಲಿಲ್ಲ. ಮೀಸೆ ಮೂಡುವ ಮೊದಲಿನಿಂದ ತಗಡು ಬಡಿದೂ ಬಡಿದೂ ಕಿವಿ ಸ್ವಲ್ಪ ಸ್ವಲ್ಪವಾಗಿ ಸೋತು, ಐವತ್ತು ದಾಟುವ ಹೊತ್ತಿಗೆ ಪೂರ್ತಿ ಕೈಕೊಟ್ಟಿತ್ತು. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಅರ್ಧಕ್ಕರ್ಧ ಹಿಡಿಯುತ್ತಿದ್ದ. ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಕಿವುಡರ ಬೆನ್ನ ಹಿಂದೆ ಜನ ಏನೇನು ಆಟ ಆಡುತ್ತಾರೆ ಎಂಬುದನ್ನು ಚಿಕ್ಕಂದಿನಿಂದ ನೋಡಿಕೊಂಡು ಬಂದವನು ಅವನು. ಗತ್ತಿನವನು ಅಂದುಕೊಂಡರೆ ಜನ ದೂರ ಇರುತ್ತಾರೆ, ಕಿವುಡ ಅಂದುಕೊಂಡರೆ ಆಡಿಕೊಳ್ಳುತ್ತಾರೆ. ದೂರ ಇರುವುದೇ ಮೇಲು ಎಂದು ತೀರ್ಮಾನ ಮಾಡಿಕೊಂಡಿದ್ದ. ಮೊಂಡುತನ ಅಂದರೆ ಮೊಂಡುತನ.

ಈ ಮೊಂಡುತನ ಅಷ್ಟು ವರ್ಷ ನಡೆದದ್ದು ಅಕ್ಕನ ದೆಸೆಯಿಂದ. ಮದುವೆಯಾಗದೆ ಉಳಿದ ಅಕ್ಕ, ಮದುವೆಯಾಗದೆ ಉಳಿದ ತಮ್ಮ, ಇಬ್ಬರದೇ ಮನೆ. ಗಿರಾಕಿ ಬಂದರೆ ಸಾಕು, ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಅವನ ಎದುರಿಗೆ ನಿಂತುಬಿಡುವಳು. “ದೊಡ್ಡ ಟ್ರಂಕು ಬೇಕಂತೆ ಕಣೋ, ಶುಕ್ರವಾರಕ್ಕಂತೆ, ಚಿಲಕ ಹಿತ್ತಾಳೇದೇ ಆಗ್ಬೇಕಂತೆ” ಎಂದು ಅವರು ಹೇಳಿದ್ದನ್ನೇ ಮತ್ತೆ ಬಿಡಿಸಿ ಬಿಡಿಸಿ ಒಪ್ಪಿಸುವಳು. ಬೀದಿಯವರ ಲೆಕ್ಕದಲ್ಲಿ ಅವಳೊಬ್ಬಳು ಬಾಯಿಬಡುಕಿ, ಹೇಳಿದ್ದನ್ನೇ ಹೇಳುವವಳು. ಆ ಹೆಸರನ್ನು ಅವಳು ನಗುನಗುತ್ತ ಹೊತ್ತುಕೊಂಡಳು. ಕಳೆದ ವರ್ಷ ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ಬಿದ್ದು ತೀರಿಕೊಂಡಳು. ಅವನು ಆಗ ಶೆಡ್ಡಿನಲ್ಲಿ ಟ್ರಂಕಿನ ಮುಚ್ಚಳ ಬಡಿಯುತ್ತಿದ್ದ. ಚಹಾ ಯಾಕೆ ಬರಲಿಲ್ಲ ಎಂದು ಒಳಗೆ ಹೋದಾಗ ಎಲ್ಲ ಮುಗಿದಿತ್ತು. ಹೃದಯ ಒಮ್ಮೆಗೇ ನಿಂತಿದೆ, ಅವರಿಗೇನೂ ಗೊತ್ತಾಗಿರುವುದಿಲ್ಲ ಎಂದು ಡಾಕ್ಟರು ಅವನ ಭುಜ ಹಿಡಿದು ಹೇಳಿದರು. ಆ ಮಾತನ್ನು ಅವನು ಅವರ ತುಟಿಯಿಂದ ಚೆನ್ನಾಗಿಯೇ ಓದಿಕೊಂಡ. ಆಮೇಲೆ ಅದನ್ನೇ ಹಿಡಿದುಕೊಂಡು ದಿನ ದೂಡಿದ.

ಮಾತು ಕೇಳಿಸದವನಿಗೆ ಮನುಷ್ಯರೆಂದರೆ ಮುಖ. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಮುಖವೇ ಇಲ್ಲದಂತಾಯಿತು. ಗಿರಾಕಿಗಳು ಬೇಕಾದ್ದನ್ನು ಬೆರಳು ಮಾಡಿ ತೋರಿಸಿ, ತೆಗೆದುಕೊಂಡು ಹೋಗುತ್ತಿದ್ದರು. ಪಕ್ಕದ ಮನೆಯ ಟೈಲರಮ್ಮ, ದಿನವೂ ಗೋಡೆಯಾಚೆಯಿಂದ ಅಕ್ಕನ ಜೊತೆ ಹರಟುತ್ತಿದ್ದವಳು, ಸಾವಿನ ಮನೆಗೆ ಬಂದು ಹೋದ ದಿನದಿಂದ ಇವನನ್ನು ನೋಡುವುದನ್ನೇ ಬಿಟ್ಟಳು. ಎದುರಾದರೆ ಮುಖ ಗಂಟು ಹಾಕಿಕೊಂಡು ಪಕ್ಕಕ್ಕೆ ಸರಿಯುವಳು. ತನ್ನ ಹಣೆಬರಹವೇ ಇಷ್ಟು ಎಂದು ಅವನು ಸುಮ್ಮನಾದ. ಸುಮ್ಮನಾದ ಎಂದು ನಾನೇನೋ ಹೇಳಿಬಿಟ್ಟೆ. ಅವನಿಗೆ ಮಾತ್ರ ಸಂಕಟ ತಡೆಯಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ತನ್ನನ್ನು ನೋಡುವ ಕಣ್ಣು ಒಂದೂ ಇಲ್ಲ ಎಂಬುದು ಹಸಿವಿನ ಹಾಗೆ ದಿನವೂ ತಪ್ಪದೆ ಗೊತ್ತಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಯಾರದೋ ಕೋಳಿ ಶೆಡ್ಡಿಗೆ ನುಗ್ಗಿತು. ತಗಡಿನ ಚೂರುಗಳ ನಡುವೆ ಕೆದಕಿತು, ಅವನ ಕಾಲ ಬೆರಳು ಕುಕ್ಕಿತು, ಕತ್ತು ಓರೆ ಮಾಡಿ ಅವನ ಮುಖವನ್ನೇ ದಿಟ್ಟಿಸಿತು. ಕೊಟ್ಟ ಬ್ರೆಡ್ಡಿನ ಚೂರು ತಿಂದು ಮತ್ತೆ ದಿಟ್ಟಿಸಿತು. ಅವನು ಶೆಡ್ಡಿನ ಆ ತುದಿಗೆ ಹೋದರೆ ಅದೂ ಹಿಂದೆಯೇ ಹೋಯಿತು. ಸಂಜೆ ಯಾರೋ ಹುಡುಕಿಕೊಂಡು ಬಂದು ಕಂಕುಳಲ್ಲಿ ಇರುಕಿಕೊಂಡು ಒಯ್ದರು. ದೊರೆಗೆ ಊಟ ಸೇರಲಿಲ್ಲ. ತನಗೂ ಕೋಳಿ ಬೇಕು ಎಂದು ನಿಶ್ಚಯಿಸಿದ.

ಗೂಡು ಕಟ್ಟುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಮೇಲೆ ತಗಡಿನ ಮಾಡು, ಮೂರು ಕಡೆ ಹಲಗೆ, ಮುಂದೆ ಜಾಲರಿ, ಜಾರಿಸಿ ತೆಗೆಯುವ ಬಾಗಿಲು. ಕಾಲು ಕುಯ್ಯಬಾರದೆಂದು ಅಂಚುಗಳನ್ನೆಲ್ಲ ಮಡಚಿ ಬಡಿದ. ಇಲಿ ಹೆಗ್ಗಣ ತೋಡದಂತೆ ಜಾಲರಿಯನ್ನು ನೆಲದೊಳಕ್ಕೆ ಹೂತ. ಕಷ್ಟಕ್ಕೆ ಬಂದದ್ದು ಕೋಳಿ ಹುಡುಕುವುದು. ಒಳ್ಳೆ ಎಳೆ ಕೋಳಿ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು, ಉತ್ತರ ಕೇಳಿಸಬೇಕಲ್ಲ! ಬೆರಳು ಎತ್ತ ತೋರಿಸಿದರೆ ಅತ್ತ ಹೊರಟ. ಬೇಕರಿಯವನ ಬೆರಳು, ಸೈಕಲ್ ರಿಪೇರಿಯವನ ಬೆರಳು, ಎಲ್ಲ ಸೇರಿ ಅವನನ್ನು ತಂದು ನಿಲ್ಲಿಸಿದ್ದು ಮಾಂಸದಂಗಡಿಯ ಮುಂದೆ. ಪಂಜರದಲ್ಲಿ ಎದೆಯ ಪುಕ್ಕ ಉದುರಿದ, ಕಣ್ಣು ಅರ್ಧ ಮುಚ್ಚಿದ ಬಿಳಿ ಕೋಳಿಗಳು ಒಂದರ ಮೇಲೊಂದು ಕೂತಿದ್ದವು. ಅವು ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಮಾಂಸದಂಗಡಿಯವನು ಪುಣ್ಯಾತ್ಮ, ಕತ್ತಿ ಕೆಳಗಿಟ್ಟು ಎದುರಿಗೆ ಬಂದು ನಿಂತ. “ಸಾಕೋಕಾದ್ರೆ ಇವು ಬೇಡ ಸ್ವಾಮಿ. ಸಂತೇಲೂ ತಗೋಬೇಡಿ, ಹತ್ತು ಕಡೆ ಕಾಯಿಲೆ ಒಂದೇ ಬುಟ್ಟೀಲಿ ಬರುತ್ತೆ. ನೀರಿನ ಟ್ಯಾಂಕಿನ ಹಿಂದೆ ನರ್ಸಮ್ಮ ಇದ್ದಾರೆ, ತಾವೇ ಮರಿ ಮಾಡಿಸಿ ಬೆಳೆಸ್ತಾರೆ. ಅಲ್ಲಿಗೆ ಹೋಗಿ” ಎಂದ. ಇಷ್ಟನ್ನೂ ದೊರೆ ಅವನ ದಪ್ಪ ತುಟಿಗಳಿಂದ ಒಂದಕ್ಷರ ಬಿಡದೆ ಹಿಡಿದ. ಅವನಿಗೆ ಅಂಗಡಿಯವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಹಾಗೆ ಮಾಡಲಿಲ್ಲ, ದೊರೆಯಲ್ಲವೇ.

ನರ್ಸಮ್ಮ ಆಸ್ಪತ್ರೆ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಅವರ ಕೋಳಿಮನೆಯಲ್ಲಿ ಆಸ್ಪತ್ರೆಯ ಶಿಸ್ತೇ ಇತ್ತು. ದೊರೆ ಹೋದಾಗ ಅವರು ಕಸ ಗುಡಿಸುತ್ತಿದ್ದರು. ಧೂಳಿಗೆಂದು ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡಿದ್ದರು. ತುಟಿಯೇ ಕಾಣದ ಮೇಲೆ ಅವನು ಓದುವುದಾದರೂ ಏನನ್ನು? ಬಟ್ಟೆ ತೆಗೆಯಿರಿ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕು. ಅವನು ಹೇಳಲಿಲ್ಲ.

ಅದೃಷ್ಟಕ್ಕೆ ಆಕೆ ಕೈಯಲ್ಲೇ ಪಾಠ ಮಾಡುವವರು. ಇನ್ನೇನು ಮೊಟ್ಟೆಗೆ ಬರಬೇಕು ಎನ್ನುವ ಎಳೆ ಹ್ಯಾಟೆಗಳನ್ನು ಒಂದೊಂದಾಗಿ ಹಿಡಿದು ತೋರಿಸಿದರು. ಕೆಂಪೇರುತ್ತಿರುವ ಜುಟ್ಟು ನೋಡಿ. ಕಣ್ಣು ನೋಡಿ, ನೀರಿರಬಾರದು. ಮೂಗಿನ ತೂತು ಒಣಗಿರಬೇಕು. ಹಿಂಭಾಗದ ಪುಕ್ಕ ಚೊಕ್ಕಟವಾಗಿರಬೇಕು. ಎದೆಯ ಮೂಳೆ ನೆಟ್ಟಗಿದೆಯೋ ಇಲ್ಲವೋ ಬೆರಳಾಡಿಸಿ ನೋಡಿ. ದೊರೆಯ ಕಣ್ಣು, ಬೆರಳು ಇದಕ್ಕೆ ಹೇಳಿ ಮಾಡಿಸಿದಂಥವು, ಅವನಿಗೆ ಹುರುಪು ಬಂತು. ಕೊನೆಗೆ ನರ್ಸಮ್ಮ ಒಂದು ಕೋಳಿಯನ್ನು ತಮ್ಮ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತರು. ಉಸಿರು ಕೇಳುವುದು; ಅಷ್ಟು ಅವನಿಗೂ ಹೊಳೆಯಿತು. ಒಳಗೆ ಗೊರಗೊರ ಎಂದರೆ ಕಾಯಿಲೆ ಹಿಡಿದಿದೆ ಎಂದರ್ಥ; ಕಣ್ಣಿಗೆ ಕಾಣುವ ಮೊದಲು ಅದು ಕಿವಿಗೆ ತಿಳಿಯುತ್ತದೆ.

ಅವನು ಕಂದು ಬಣ್ಣದ್ದೊಂದು, ಚುಕ್ಕೆಯದೊಂದು ಆರಿಸಿದ. ಮೂರನೆಯದು ಕರಿಯದು, ಮಿರಿಮಿರಿ ಮಿಂಚುವಂಥದು, ಹಿಡಿದ ಕೂಡಲೇ ಅವನ ಮುಖ ನೋಡಿತು. ನರ್ಸಮ್ಮ ಬಟ್ಟೆಯೊಳಗಿಂದಲೇ, “ಇದನ್ನ ಸರಿಯಾಗಿ ಕೇಳಿ ತಗೊಳ್ಳಿ. ನಂಗ್ಯಾಕೋ ಅನುಮಾನ” ಎಂದರು. ಬಟ್ಟೆ ಅಲುಗಿದ್ದು ಅವನಿಗೆ ಕಾಣಿಸಿತು, ಅಷ್ಟೆ. ಅವರು ಮಾಡಿದಂತೆಯೇ ಕೋಳಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತ. ಕೆನ್ನೆಗೆ ಬಿಸಿ ಮೈ ತಾಕಿತು, ಪುಟ್ಟ ಎದೆಬಡಿತ ತಾಕಿತು. ವರ್ಷವೊಂದಾಗಿತ್ತು, ಜೀವವಿರುವುದೊಂದು ಅವನ ಮೈಗೆ ತಾಕಿ. ಕೆಳಗಿಡಲು ಮನಸ್ಸೇ ಬರಲಿಲ್ಲ.

“ಭೇಷಾಗಿದೆ” ಎಂದ.

ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲ ಬಲ್ಲವನ ಜೊತೆ ವಾದ ಯಾಕೆಂದು ಕೈಯಾಡಿಸಿ ಮೂರನ್ನೂ ಬುಟ್ಟಿಗೆ ಹಾಕಿಕೊಟ್ಟರು.

ಮನೆ ಸೇರಿದ ಮೇಲೆ ಕೆಲವು ದಿನ ದೊರೆಯ ಸಂಭ್ರಮ ಹೇಳತೀರದು. ಜಾಲರಿಯ ಬಾಗಿಲು ಜಾರಿಸಿದರೆ ಮೂರೂ ಓಡಿಬಂದು ಮೂರೂ ಮುಖ ಎತ್ತುತ್ತಿದ್ದವು. ಅವನು ಅವುಗಳ ಜೊತೆ ಮಾತಾಡಿದ. ಗಿರಾಕಿ ಬೈದದ್ದು, ಅಕ್ಕ ನಕ್ಕದ್ದು, ಎಲ್ಲ ಹೇಳಿದ. ಕರಿಯದು ಅವನ ಮೊಣಕಾಲಿಗೆ ಹಾರಿ ಕೂರುತ್ತಿತ್ತು. ಒಂದು ಬೆಳಿಗ್ಗೆ ಎರಡೇ ಓಡಿಬಂದವು. ಕರಿಯದು ಮೂಲೆಯಲ್ಲಿ ಕತ್ತು ನೀಡಿ, ಕೊಕ್ಕು ತೆರೆದು ಸತ್ತುಬಿದ್ದಿತ್ತು.

ಅದನ್ನು ಹಿತ್ತಲಿನಲ್ಲಿ ಹೂತು, ಕೈ ತೊಳೆದುಕೊಂಡು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಉಳಿದ ಎರಡೂ ನೋಡಲು ಚೆನ್ನಾಗಿಯೇ ಇದ್ದವು. ಕರಿಯದೂ ನಿನ್ನೆ ಚೆನ್ನಾಗಿಯೇ ಇತ್ತಲ್ಲ! ಕಾಯಿಲೆ ಯಾವುದಕ್ಕೆ ಹತ್ತಿದೆ, ಯಾವುದನ್ನು ಬೇರೆ ಇಡಬೇಕು, ಇದನ್ನು ಕಣ್ಣು ಹೇಳುವುದಿಲ್ಲ. ಸುಮ್ಮನಿದ್ದರೆ ಎರಡೂ ಹೋಗುತ್ತವೆ. ಕೇಳಿ ಹೇಳಲು ಒಂದು ಕಿವಿ ಬೇಕು, ಕಿವಿ ಕೇಳಬೇಕಾದರೆ ತನ್ನದು ಇಲ್ಲ ಎನ್ನಬೇಕು. ಗೋಡೆಯಾಚೆ ಟೈಲರಮ್ಮ ಕಿಟಕಿಯ ಪಕ್ಕ ಬಟ್ಟೆ ಹೊಲಿಯುತ್ತಿದ್ದಳು. ಅವನು ಎರಡು ಕೋಳಿಯನ್ನೂ ಎರಡು ಕಂಕುಳಲ್ಲಿ ಹಿಡಿದು, ಎದ್ದು, ಮತ್ತೆ ಕೂತು, ಮತ್ತೆ ಎದ್ದ. ಗೋಡೆಯ ಹತ್ತಿರ ಹೋಗಿ ನಿಂತಾಗ ಅವಳು ತಲೆಯೆತ್ತಿದಳು.

“ನನಗೆ ಕಿವಿ ಕೇಳಿಸಲ್ಲ” ಎಂದ.

ಅವಳಿಗಷ್ಟೇ ಎಂದು ಮೆಲ್ಲಗೆ ಹೇಳಿದ್ದ. ಆದರೆ ತನ್ನ ದನಿಯ ಅಂದಾಜು ಅವನಿಗೆಲ್ಲಿಂದ ಬರಬೇಕು? ಅದು ಬೀದಿಗೆಲ್ಲ ಕೇಳಿಸಿತು. ಬೇಕರಿಯ ಮುಂದೆ ನಿಂತವರು ಕೂಡ ಇತ್ತ ತಿರುಗಿದರು. ಗುಟ್ಟು ಅಲ್ಲಿಗೆ ಮುಗಿದೇ ಹೋಯಿತು.

“ಪೂರ್ತಿ ಕೇಳಿಸಲ್ಲ. ಒಂದು ಸತ್ತೋಯ್ತು. ಇವುಗಳ ಉಸಿರು ಒಂಚೂರು ಕೇಳಿ ಹೇಳ್ತೀರಾ?”

ಟೈಲರಮ್ಮ ಕೈಯಲ್ಲಿದ್ದ ಬಟ್ಟೆ ಬಿಟ್ಟು ಹೊರಗೆ ಬಂದಳು. ಚುಕ್ಕೆಯದನ್ನು ಕಿವಿಗೆ ಹಿಡಿದು ತಲೆಯಾಡಿಸಿದಳು, ಇದು ಸರಿಯಿದೆ. ಕಂದುಬಣ್ಣದ್ದನ್ನು ಹಿಡಿದಳು; ಹುಬ್ಬು ಗಂಟಾಯಿತು. ಇದನ್ನು ಬೇರೆ ಇಡಿ ಎಂದು ಕೈ ಮಾಡಿದಳು. ಆಮೇಲೆ ಅವನ ಕಡೆ ತಿರುಗಿ ನಿಧಾನವಾಗಿ ಮಾತಾಡಿದಳು.

“ಆ ಕರೀದು ಮೊನ್ನೆಯಿಂದ ಗೊರಗೊರ ಅಂತಿತ್ತು. ಗೋಡೆ ಮೇಲಿಂದ ಎಷ್ಟು ಕೂಗಿದೆ ನಾನು. ನೀವು ಬೆನ್ನು ಹಾಕ್ಕೊಂಡು ಒಳಗೆ ಹೋದ್ರಿ. ಇವರ ಬುದ್ಧಿನೇ ಇಷ್ಟು ಅಂದ್ಕೊಂಡೆ, ಅವತ್ತೂ ಹೀಗೇ...”

ಮಾತು ಅಲ್ಲೇ ನಿಂತಿತು. ಅವಳ ಮುಖ ಬಿಳಿಚಿಕೊಂಡದ್ದನ್ನು ಅವನು ನೋಡಿದ.

“ಹಾಗಾದ್ರೆ ನಿಮ್ಮಕ್ಕ ಕೂಗಿದ್ದೂ ನಿಮಗೆ ಕೇಳಿಸ್ಲಿಲ್ವಾ?”

“ಯಾವಾಗ?”

“ಅವತ್ತು. ಬಿದ್ದಾಗ. ತುಂಬಾ ಹೊತ್ತು ಕೂಗಿದ್ರು. ನೀವು ಮನೇಲಿದ್ರಲ್ಲ, ಬಂದೇ ಬರ್ತೀರಿ ಅಂತ ನಾನು ಮಿಷನ್ ಬಿಟ್ಟು ಏಳಲಿಲ್ಲ. ಕೇಳಿಸಿಯೂ ಬರಲಿಲ್ಲ ಅಂತ ಇಷ್ಟು ದಿನ ನಿಮಗೆ ಶಾಪ ಹಾಕಿದೆ.” ಅವಳು ಕೋಳಿಯನ್ನು ಎದೆಗೊತ್ತಿಕೊಂಡು ಅಳತೊಡಗಿದಳು.

ಅವರಿಗೇನೂ ಗೊತ್ತಾಗಿರುವುದಿಲ್ಲ ಎಂದಿದ್ದರು ಡಾಕ್ಟರು. ದೊರೆ ಗೋಡೆ ಹಿಡಿದುಕೊಂಡ. ಕೊಡತಿಯನ್ನು ಎತ್ತಿ ಎತ್ತಿ ಬಡಿಯುತ್ತಿದ್ದ ತನ್ನ ಕೈ ಅವನಿಗೆ ನೆನಪಾಯಿತು, ಅದನ್ನು ಕತ್ತರಿಸಿ ಹಾಕಬೇಕು ಅನ್ನಿಸಿತು.

“ಏನಂತ ಕೂಗಿದ್ಲು?”

ಅವಳು ಹೇಳಿದಳು. ಅಳುವಿನಲ್ಲಿ ತುಟಿ ನಡುಗಿ ಅವನಿಗೆ ಏನೂ ತಿಳಿಯಲಿಲ್ಲ.

“ಇನ್ನೊಂದು ಸಲ ಹೇಳಿ. ನನ್ನ ಮುಖ ನೋಡ್ಕೊಂಡು.”

ಟೈಲರಮ್ಮ ಕಣ್ಣೊರೆಸಿಕೊಂಡು ಗೋಡೆಯ ತೀರ ಹತ್ತಿರ ಬಂದಳು. ಅಕ್ಕ ಅಂದು ಹೇಗೆ ಕೂಗಿದ್ದಳೋ ಹಾಗೆಯೇ, ಎಳೆದು ಎಳೆದು, “ತಮ್ಮಾ... ತಮ್ಮಾ...” ಎಂದಳು. ತುಟಿಗಳು ಕೂಡಿದವು, ಬಿಚ್ಚಿದವು, ಮತ್ತೆ ಕೂಡಿದವು. ಈ ಸಲ ಅವನಿಗೆ ಪೂರ್ತಿ ಕಾಣಿಸಿತು.

“ಓ” ಎಂದು ಓಗೊಟ್ಟ ಅವನು, ಗಟ್ಟಿಯಾಗಿ.