ಹೊಲಿದವಳು ಹಾರಿದ ದಿನ

"ಬಲೂನಿಗೂ ದರ್ಜಿ ಬೇಕಾ?" ಎಂದು ಕೇಳಿ ನಗುವವರೇ ಜಾಸ್ತಿ. ಬೇಕು ಸ್ವಾಮಿ, ಬೇಕು. ಇದು ಮಕ್ಕಳು ಊದಿ ಒಡೆಯುವ ಬಲೂನಲ್ಲ. ಜನರನ್ನು ಬುಟ್ಟಿಯಲ್ಲಿ ನಿಲ್ಲಿಸಿಕೊಂಡು, ಬಿಸಿಗಾಳಿ ತುಂಬಿಕೊಂಡು ಊರಿನ ನೆತ್ತಿಯ ಮೇಲೆ ತೇಲುವ ಬಟ್ಟೆಯ ಗುಡ್ಡ ಅದು. ಪಟ್ಟಿಗೆ ಪಟ್ಟಿ ಕೂಡಿಸಿ, ಅಂಚಿನೊಳಗೆ ಅಂಚು ಮಡಚಿ, ಎರಡೆರಡು ಸಾಲು ಹೊಲಿಗೆ ಹಾಕಿದ್ದು. ನೆತ್ತಿಯ ಕಡೆಯ ಪಟ್ಟಿಗಳು ಕಾವಿಗೆ ಬೇಗ ಸತ್ತುಹೋಗುತ್ತವೆ. ಸತ್ತದ್ದನ್ನು ಬಿಚ್ಚಿ ಹೊಸದನ್ನು ಕೂಡಿಸಬೇಕು. ಊರಾಚೆಯ ಮೈದಾನದ ಪಕ್ಕ, ತಗಡಿನ ಶೆಡ್ಡಿನಲ್ಲಿ, ಕಿತ್ತಳೆ ಬಣ್ಣದ ಬಟ್ಟೆಯ ರಾಶಿಯ ನಡುವೆ ಕುತ್ತಿಗೆವರೆಗೆ ಮುಳುಗಿ ಈ ಕೆಲಸ ಮಾಡುತ್ತಿದ್ದವಳನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು.

ವರ್ಷಗಟ್ಟಲೆ ಹೊಲಿದಳು. ಅವಳ ಹೊಲಿಗೆ ದಿನಾ ಬೆಳಿಗ್ಗೆ ಆಕಾಶಕ್ಕೆ ಹೋಗಿ ಬರುತ್ತಿತ್ತು, ಅವಳು ಮಾತ್ರ ಮೂರನೇ ಮಹಡಿಗಿಂತ ಮೇಲೆ ಹೋದವಳಲ್ಲ. ಆ ಮೂರನೇ ಮಹಡಿಯಲ್ಲೇ ಅವಳ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲು ತೆರೆದರೆ ತಾರಸಿಗೆ ಹೋಗುವ ಮೆಟ್ಟಿಲು. ಕೋಣೆಯಲ್ಲಿ ಮಂಚ, ಮಂಚದ ಮೇಲೆ ಗಂಡ.

ಗಂಡ ಒಂದು ಕಾಲದಲ್ಲಿ ಬೋರ್ಡ್ ಬರೆಯುವ ಪೇಂಟರ್. ಸಣ್ಣಪುಟ್ಟ ಅಂಗಡಿ ಬೋರ್ಡಲ್ಲ, ಕಟ್ಟಡಗಳ ತಲೆಯ ಮೇಲೆ ನಿಲ್ಲಿಸುವ ಭಾರಿ ಬೋರ್ಡುಗಳು. ಸಂಜೆ ಮನೆಗೆ ಬಂದರೆ ಕೈ ತೊಳೆಯುವ ಮೊದಲೇ ಮಾತು ಶುರು. "ಮೇಲಿಂದ ನೋಡಿದ್ರೆ ಈ ಊರು ನಮ್ಮಪ್ಪನದೇ ಅನ್ಸುತ್ತೆ ಕಣೇ. ಬೀದಿಗಳೆಲ್ಲ ಹೋಗಿ ಹೋಗಿ ಎಲ್ಲಿ ಕೂಡ್ತವೆ ಅಂತ ಗೊತ್ತಾಗುತ್ತೆ. ನೀನು ನೆಲದ ಹುಳ, ನಿನಗೆಲ್ಲಿ ಗೊತ್ತಾಗಬೇಕು!" ಅವಳು ಮುಖ ಊದಿಸಿಕೊಂಡು ತಟ್ಟೆಯನ್ನು ಠಪ್ಪೆಂದು ಇಡುತ್ತಿದ್ದಳು. ಒಳಗೊಳಗೆ ಆ ಮಾತು ಅವಳಿಗೆ ಬಲು ಇಷ್ಟ. ಒಂದು ದಿನ ಕಟ್ಟಿದ ಹಗ್ಗ ಬಿಚ್ಚಿಕೊಂಡಿತು. ಜೀವ ಉಳಿಯಿತು, ಸೊಂಟದ ಕೆಳಗಿನದು ಉಳಿಯಲಿಲ್ಲ. ಮಾತೂ ಉಳಿಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು "ಊಟ ಆಯ್ತಾ?" ಅಂದರೆ "ಹ್ಞೂಂ", "ನೋವಿದೆಯಾ?" ಅಂದರೆ "ಹ್ಞೂಂ". ಮನೆಯಲ್ಲಿ ಮಾತಾಡುತ್ತಿದ್ದದ್ದು ಹೊಲಿಗೆ ಯಂತ್ರ ಒಂದೇ.

ಆಗ ಹುಟ್ಟಿದ್ದು ಅವಳ ಆಸೆ. ಒಂದೇ ಒಂದು ಸಲ ಮೇಲೆ ಹೋಗಬೇಕು. ಅವನು ನೋಡುತ್ತಿದ್ದ ಊರನ್ನು ನೋಡಿಕೊಂಡು ಬಂದು ಅವನಿಗೆ ಹೇಳಬೇಕು. ಆಗಲಾದರೂ ಈ ಮನುಷ್ಯ ಗೋಡೆ ಬಿಟ್ಟು ಇತ್ತ ತಿರುಗಿಯಾನು. ಬಲೂನ್ ಕಂಪನಿಯ ಮಾಲೀಕನನ್ನು ಕೇಳಿದಳು. ಮೂಗಿಗೆ ತುಪ್ಪ ಸವರುವುದರಲ್ಲಿ ಆ ಮಾಲೀಕನದು ಎತ್ತಿದ ಕೈ. "ನಿನ್ನನ್ನ ಬಿಟ್ಟು ಇನ್ಯಾರನ್ನ ಕರ್ಕೊಂಡು ಹೋಗ್ಲಮ್ಮ? ಮುಂದಿನ ಸೀಸನ್ನಿಗೆ ನೋಡೋಣ" ಎಂದ. ಮುಂದಿನ ಸೀಸನ್ನಿಗೆ ಅದರ ಮುಂದಿನ ಸೀಸನ್ ಎಂದ. ತುಪ್ಪದ ವಾಸನೆಯಲ್ಲೇ ಅವಳು ಕಾಲ ಕಳೆದಳು.

ಈ ಸಲ ಹೊಸ ಪೈಲಟ್ ಬಂದ. ಹೊಸಬ ಅಂದರೆ ಕೆಲಸಕ್ಕೆ ಹೊಸಬನಲ್ಲ, ತಲೆ ನೆರೆತ ಮುದುಕ. ಅವನದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು: ಹೊಸ ಪಟ್ಟಿ ಕೂಡಿಸಿದ ಬಲೂನು ಮೊದಲ ಸಲ ಏಳುವಾಗ ಅದನ್ನು ಹೊಲಿದವರು ಬುಟ್ಟಿಯಲ್ಲಿರಬೇಕು. "ಅಡುಗೆ ಮಾಡಿದವರು ಮೊದಲು ಉಂಡು ತೋರಿಸ್ಲಿ, ಆಮೇಲೆ ಬೇರೆಯವರಿಗೆ ಬಡಿಸೋಣ" ಎಂದು ಮಾಲೀಕನ ಮುಖಕ್ಕೇ ಹೇಳಿದ. ಆ ವರ್ಷ ನೆತ್ತಿಯ ಪಟ್ಟಿಗಳನ್ನೆಲ್ಲ ಬದಲಾಯಿಸಿದ್ದಳು ಟೈಲರಮ್ಮ. ಮಾಲೀಕ ಗೊಣಗಿದ. ಪೈಲಟ್, "ಅವಳು ಬಂದ್ರೆ ನಾನೂ ಬರ್ತೀನಿ" ಎಂದು ಟೀ ಕುಡಿಯುತ್ತ ಕೂತ. ಮಾಲೀಕನಿಗೆ ಬೇರೆ ದಾರಿ ಇರಲಿಲ್ಲ.

ಆ ಸಂಜೆ ಅವಳು ಮೆಟ್ಟಿಲನ್ನು ಹತ್ತಿದಳೋ ಹಾರಿದಳೋ! "ರೀ, ಭಾನುವಾರ ಮೇಲೆ ಹೋಗ್ತಾ ಇದೀನಿ ರೀ!"

ಗೋಡೆ ಕಡೆಯಿದ್ದ ಮುಖ ಇತ್ತ ತಿರುಗಿತು. ಅವಳು ಮೇಲೆ ಹೋಗಿ ನೋಡಿ ಬಂದು ಹೇಳುವುದಕ್ಕಿಂತ ಮೊದಲೇ ತಿರುಗಿತು, ಅದೇ ದೊಡ್ಡದು. "ನಿಜವಾಗ್ಲೂ? ಹಂಗಾದ್ರೆ ಕೇಳಿಲ್ಲಿ" ಎಂದು ಶುರುಮಾಡಿದವನು ಆ ವಾರವಿಡೀ ನಿಲ್ಲಿಸಲಿಲ್ಲ. ಹಳೇ ಚಿತ್ರಮಂದಿರದ ತಾರಸಿಯಲ್ಲಿ ತಾನು ಅರ್ಧ ಬರೆದು ಬಿಟ್ಟ ಬೋರ್ಡು ಇದೆಯೋ ಕಿತ್ತುಹಾಕಿದ್ದಾರೋ ನೋಡಬೇಕು. ಆಸ್ಪತ್ರೆಯ ಹಿಂದಿನ ಮೋರಿ ಎಲ್ಲಿಗೆ ಹೋಗುತ್ತೆ ನೋಡಬೇಕು. "ಕಣ್ಣು ಮುಚ್ಕೊಂಡು ಕೂತ್ಕೋಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಬಂದು ನನಗೆ ಒಂದೂ ಬಿಡದ ಹಾಗೆ ಹೇಳ್ಬೇಕು." ಆ ಕಾಲದಲ್ಲಿ ಬೆಳಗಿನ ಗಾಳಿ ಒಂದೇ ದಿಕ್ಕಿಗೆ ಬೀಸುವುದರಿಂದ ಬಲೂನು ಹೆಚ್ಚುಕಡಿಮೆ ಅವರ ಬೀದಿಯ ಮೇಲೇ ಹೋಗುತ್ತಿತ್ತು. "ನನ್ನನ್ನ ತಾರಸಿಗೆ ಹೊತ್ತು ಹಾಕಿಸು. ಕೈ ಬೀಸ್ತೀನಿ. ನೀನೂ ಬೀಸು" ಎಂದ. ಬಿದ್ದ ಮೇಲೆ ಅವನು ಬಿಸಿಲು ನೋಡಲು ಕೇಳಿದ್ದು ಅದೇ ಮೊದಲು. ಅವಳು ಅಡುಗೆಮನೆಗೆ ಹೋಗಿ ಅತ್ತಳು.

ಅಷ್ಟು ಮನೆಗಳಲ್ಲಿ ತನ್ನ ಮನೆಯನ್ನು ಗುರುತು ಹಿಡಿಯುವುದು ಹೇಗೆ? ಇಲ್ಲೇ ನೋಡಿ ಅವಳು ಎಡವಿದ್ದು. ಬೇರೆ ಯಾರಾದರೂ ಹಳೆಯ ಬೆಡ್‌ಶೀಟೋ ಬಿಳಿ ಪಂಚೆಯೋ ಹಾಸಿ ಕೈತೊಳೆದುಕೊಳ್ಳುತ್ತಿದ್ದರು. ಬಲೂನು ಹೊಲಿಯುವವಳಿಗೆ ಅದು ಹೊಳೆಯಲೇ ಇಲ್ಲ. ದೂರಕ್ಕೆ ಎದ್ದು ಕಾಣುವುದು ಯಾವ ಬಟ್ಟೆ? ಬಲೂನಿನ ಬಟ್ಟೆ! "ಆ ಚಿಂದಿ ಎಲ್ಲ ಹೊರಗೆ ಬಿಸಾಕಮ್ಮ, ಇಲಿ ಸೇರ್ಕೊಳ್ತವೆ" ಎಂದು ಮಾಲೀಕನೇ ಹೇಳಿ ಹೊರಗೆ ಹಾಕಿಸುತ್ತಿದ್ದ ತುಂಡುಗಳು ಮನೆಯಲ್ಲಿ ಚೀಲ ತುಂಬ ಬಿದ್ದಿದ್ದವು. ಅವನ್ನೆಲ್ಲ ಕೂಡಿಸಿ, ಕಿತ್ತಳೆ ಬಣ್ಣದ ನಡುವೆ ಕಂಪನಿಯ ಬಲೂನಿನಲ್ಲಿರುವಂಥದೇ ನೀಲಿ ಪಟ್ಟಿ ಇಟ್ಟು, ತಾರಸಿ ಮುಚ್ಚುವಷ್ಟು ದೊಡ್ಡ ಹಾಸು ಹೊಲಿದಳು. ಹಿಂದಿನ ವರ್ಷ ಇಂಥದೇ ತುಂಡನ್ನು ಸ್ಕೂಟರಿಗೆ ಹೊದಿಸಿದ್ದಕ್ಕೆ ಶೆಡ್ಡಿನ ವಾಚ್‌ಮನ್ನನ್ನು ಕಳ್ಳ ಎಂದು ಹೊರಗೆ ಹಾಕಿದ್ದರು. ಅದು ಅವಳಿಗೆ ನೆನಪಾಗಲಿಲ್ಲವೇ? ಆಗಲಿಲ್ಲ. ಖುಷಿಯಲ್ಲಿರುವವರಿಗೆ ಏನು ತಾನೇ ನೆನಪಾಗುತ್ತದೆ?

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಎದುರುಮನೆಯ ಅಣ್ಣತಮ್ಮಂದಿರು ಪೇಂಟರನ್ನು ಕುರ್ಚಿ ಸಮೇತ ತಾರಸಿಗೆ ಹೊತ್ತು ತಂದರು. ಅವಳು ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಮೈದಾನಕ್ಕೆ ಓಡಿದಳು. ಅಲ್ಲಿ ನೋಡಿದರೆ ಬಲೂನು ಎದ್ದು ನಿಂತಿದೆ, ಬುಟ್ಟಿಯ ಪಕ್ಕದಲ್ಲಿ ಮದುವೆಯಾಗಲಿರುವ ಒಂದು ಜೋಡಿ, ಅವರ ಜೊತೆ ಒಬ್ಬ ಫೋಟೋಗ್ರಾಫರ್, ಹಲ್ಲು ಕಿಸಿದುಕೊಂಡು ಮಾಲೀಕ. ಪುಣ್ಯಾತ್ಮ ಮೊದಲ ಹಾರಾಟವನ್ನೂ ಮಾರಿಕೊಂಡಿದ್ದ!

"ಬಾರಮ್ಮ ಬಾ, ಹತ್ತು. ಫೋಟೋ ಮುಗಿಯೋವರೆಗೂ ಸ್ವಲ್ಪ ಕೆಳಗೆ ಕೂತ್ಕೋ. ಅವರು ಕಾಸು ಕೊಟ್ಟು ಬಂದಿರೋದು, ಹಿಂದ್ಗಡೆ ನಿನ್ನ ತಲೆ ಬಂದ್ರೆ ಚೆನ್ನಾಗಿರಲ್ಲ."

ಕೂತಳು. ಗ್ಯಾಸ್ ಸಿಲಿಂಡರುಗಳ ಸಂದಿಯಲ್ಲಿ, ಮಂಡಿಗೆ ಗಲ್ಲ ಒತ್ತಿಕೊಂಡು ಕೂತಳು. ತಲೆಯ ಮೇಲೆ ಬೆಂಕಿ ಭೋರೆಂದಿತು, ಬುಟ್ಟಿ ಒಮ್ಮೆ ಜಗ್ಗಿತು, ನೆಲ ಬಿಟ್ಟುಹೋಯಿತು. ಎಷ್ಟೋ ವರ್ಷ ಕಾದ ಗಳಿಗೆ ಬಂದಾಗ ಅವಳ ಕಣ್ಣಿಗೆ ಬಿದ್ದದ್ದು ನಾಲ್ಕು ಜೊತೆ ಬೂಟು, ಒಂದು ಜೊತೆ ಹೈಹೀಲ್ಸು. ಕತ್ತೆತ್ತಿದರೆ ಬಲೂನಿನ ಒಳಹೊಟ್ಟೆ, ಅದರ ತುಂಬ ಅವಳದೇ ಹೊಲಿಗೆ. ಹೊಲಿಗೆ ನೋಡಲು ಆಕಾಶಕ್ಕೆ ಬರಬೇಕಿತ್ತೇ! "ಅಯ್ಯೋ ಎಷ್ಟ್ ಚೆನ್ನಾಗಿದೆ!" ಎಂದು ಹುಡುಗಿ ಕಿರುಚಿದಳು. "ಅಲ್ನೋಡು, ಹಳೇ ಥಿಯೇಟರ್!" ಎಂದ ಹುಡುಗ. ಟೈಲರಮ್ಮನ ಜೀವ ಚಡಪಡಿಸಿತು. ಥಿಯೇಟರಿನ ಮೇಲೆ ಬೋರ್ಡು ಇದೆಯಾ ಇಲ್ಲವಾ?

ಬುಟ್ಟಿಯ ಮೈಯಲ್ಲಿ ಹತ್ತುವವರ ಕಾಲಿಗೆಂದು ಬಿಟ್ಟ ತೂತು ಒಂದಿತ್ತು. ಅದಕ್ಕೆ ಕಣ್ಣಿಟ್ಟಳು. ಒಂದು ಚಪ್ಪಲಿ ಅಗಲದ ಊರು ಕಂಡಿತು. ತಾರಸಿಗಳು, ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆ. ಅಷ್ಟಕ್ಕೇ ಅವಳ ಎದೆ ತುಂಬಿತು. ಆಹಾ, ಇದನ್ನೇ ಅಲ್ಲವೇ ಈ ಮನುಷ್ಯ ದಿನಾ ನೋಡುತ್ತಿದ್ದದ್ದು!

ಫೋಟೋ ಮುಗಿಯಿತು. ಪೈಲಟ್ ಬಲೂನನ್ನು ಬೇಕೆಂದೇ ಕೆಳಗೆ ಇಳಿಸಿದ್ದ. ಅವಳ ಮನೆ ಎಲ್ಲಿದೆ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದ. "ಏಳು ತಾಯಿ. ನಿಮ್ಮ ಏರಿಯಾ ಬಂತು, ನೋಡ್ಕೋ" ಎಂದ.

ಅವಳು ಬುಟ್ಟಿಯ ಅಂಚಿಗೆ ಕೈ ಹಾಕಿದಳು. ಅದೇ ಹೊತ್ತಿಗೆ ಮಾಲೀಕ ಕೂಗಿದ. "ಏಯ್, ಅಲ್ನೋಡ್ರೀ! ಅದು ನಮ್ಮ ಬಲೂನಿನ ಬಟ್ಟೆ! ನೀಲಿ ಪಟ್ಟಿ ಕೂಡ ನಮ್ದೇ! ಯಾವನೋ ಗೋದಾಮಿಂದ ಥಾನುಗಟ್ಟಲೆ ಎತ್ಕೊಂಡು ಹೋಗಿ ತಾರಸಿಗೆ ಹಾಸಿದಾನಲ್ರೀ!"

ಹಾಕಿದ ಕೈ ಹಾಗೇ ಕೆಳಗಿಳಿಯಿತು.

"ಪಕ್ಕದಲ್ಲೇ ಕೂತು ಕೈ ಬೇರೆ ಬೀಸ್ತಿದಾನೆ ನೋಡಿ, ಮಾನಗೆಟ್ಟವನು" ಎಂದು ಮಾಲೀಕ ಹಲ್ಲು ಕಡಿದ.

"ಪಾಪ, ಎರಡೂ ಕೈ ಬೀಸ್ತಿದಾನೆ" ಎಂದಳು ಹುಡುಗಿ. "ಎದ್ದು ನಿಲ್ಲೋಕಾಗಲ್ಲ ಅನ್ಸುತ್ತೆ."

"ಟೈಲರಮ್ಮ, ನೀನಿರೋದು ಇದೇ ಕಡೆ ಅಲ್ವಾ? ಯಾರದು ಆ ಮನೆ? ಯಾರವನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಕದ್ದವನು. ಇವಳು ಕದ್ದವಳೂ ಅಲ್ಲ. "ನೀವೇ ಬಿಸಾಕು ಅಂದ ಚಿಂದಿ ಸಾರ್, ಅವರು ನನ್ನ ಯಜಮಾನರು" ಎಂದರೆ ಮುಗಿದಿತ್ತು. ಎರಡು ಮಾತು, ಅಷ್ಟೇ. ಆದರೆ ವಾಚ್‌ಮನ್ನನ ಮುಖ ಈಗ ನೆನಪಾಯಿತು. ಈ ಕೆಲಸ ಹೋದರೆ ಮಂಚದ ಮೇಲಿರುವವನ ಗತಿ ಏನು ಎಂಬುದೂ ನೆನಪಾಯಿತು. ಬೇಡದ ಹೊತ್ತಿಗೆ ಎಲ್ಲ ನೆನಪಾಗುತ್ತದೆ, ಹಾಳಾದ್ದು.

"ಗೊತ್ತಿಲ್ಲ ಸಾರ್" ಎಂದಳು.

"ಎದ್ದು ನೋಡಿ ಹೇಳಮ್ಮ."

"ತಲೆ ಸುತ್ತುತ್ತೆ ಸಾರ್. ಎದ್ದರೆ ವಾಂತಿ ಬರುತ್ತೆ."

ಎದ್ದರೆ ಅವನಿಗೆ ಅವಳು ಕಾಣುತ್ತಾಳೆ. ಕಂಡರೆ ಅವನು ಕೂಗುತ್ತಾನೆ. ಕೂಗಿದರೆ ಇವರಿಗೆಲ್ಲ ಗೊತ್ತಾಗುತ್ತದೆ. ಅವಳು ಇನ್ನಷ್ಟು ಮುದುರಿಕೊಂಡಳು. ತೂತಿಗೆ ಕಣ್ಣಿಟ್ಟರೆ ಕಿತ್ತಳೆಯ ಹಾಸು ಸ್ಪಷ್ಟವಾಗಿ ಕಂಡಿತು, ಅದರ ಅಂಚಿನಲ್ಲಿ ಕುರ್ಚಿ, ಕುರ್ಚಿಯಲ್ಲಿ ಅವಳ ಗಂಡ. ಬಲೂನು ತಲೆಯ ಮೇಲೆ ಬಂದಂತೆಲ್ಲ ಅವನು ಮುಖ ಎತ್ತುತ್ತ, ಕತ್ತು ಹೊರಳಿಸುತ್ತ, ಕೈ ಬೀಸುತ್ತಲೇ ಇದ್ದ. ಸೊಂಟದ ಮೇಲಿನ ಜೀವವೆಲ್ಲ ಆ ಎರಡು ಕೈಗೆ ಬಂದಿತ್ತು. ಅವಳು ತೂತನ್ನು ಅಂಗೈಯಿಂದ ಮುಚ್ಚಿದಳು. ಪೈಲಟ್ ಒಮ್ಮೆ ತಾರಸಿಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ಬೆಂಕಿ ಹೊತ್ತಿಸಿ ಬಲೂನನ್ನು ಮೇಲಕ್ಕೆ ಎತ್ತಿದ.

ಇಳಿದ ಮೇಲೆ ಮಾಲೀಕ ಅವಳಿಗೆ ಒಂದು ಕೆಲಸ ಒಪ್ಪಿಸಿದ. "ನಿನ್ನ ಏರಿಯಾನೇ ಅಲ್ವಾ, ಆ ಕಳ್ಳ ಯಾರು ಅಂತ ಪತ್ತೆ ಹಚ್ಚು. ನಿನ್ನ ಮೇಲೆ ನಂಬಿಕೆ ಇಟ್ಟು ಹೇಳ್ತಿದೀನಿ." ಅವಳು "ಆಯ್ತು ಸಾರ್" ಎಂದಳು. ಬಟ್ಟೆ ಮಡಚುವಾಗ ಪೈಲಟ್ ಹತ್ತಿರ ಬಂದು, "ಎದ್ದು ನಿಂತಿದ್ರೆ ಏನಾಗ್ತಿತ್ತು ತಾಯಿ?" ಎಂದು ಮೆಲ್ಲಗೆ ಕೇಳಿದ. ಅವನಿಗೇನು, ನಾಳೆ ಇನ್ನೊಂದು ಊರು, ಇನ್ನೊಂದು ಬಲೂನು. ಅವಳು ಬಟ್ಟೆಗೆ ಇನ್ನೊಂದು ಮಡಿಕೆ ಹಾಕಿದಳು.

ಮನೆಗೆ ಬಂದಾಗ ಪೇಂಟರ್ ಇನ್ನೂ ತಾರಸಿಯಲ್ಲೇ ಇದ್ದ. ಹೊತ್ತು ತಂದವರು ತಮಾಷೆ ನೋಡಿ ಹೋಗಿಬಿಟ್ಟಿದ್ದರು. ಬಿಸಿಲಿಗೆ ಅವನ ಹಣೆ ಕೆಂಪಗಾಗಿತ್ತು. ಅವಳು ಬಂದದ್ದನ್ನು ನೋಡಿ ಎಂದ, "ಬುಟ್ಟಿಯಲ್ಲಿದ್ದವರ ತಲೆ ಒಂದೊಂದೇ ನೋಡ್ದೆ. ನಿನ್ನ ತಲೆ ಇರಲಿಲ್ಲ. ಕರ್ಕೊಂಡು ಹೋಗ್ಲಿಲ್ಲ ಅಲ್ವಾ?"

ನಿಜ ಹೇಳಬೇಕು ಎಂದುಕೊಂಡೇ ಮೆಟ್ಟಿಲು ಹತ್ತಿದ್ದಳು. ಆದರೆ ಏನೆಂದು ಹೇಳುವುದು? ನೀವು ಕೈ ಬೀಸುವಾಗ ನಾನು ನಿಮ್ಮ ನೆತ್ತಿಯ ಮೇಲೇ ಇದ್ದೆ, ನೀವು ಯಾರೋ ಗೊತ್ತಿಲ್ಲ ಎಂದೆ, ಎಂದೇ?

"ಇಲ್ಲ ರೀ" ಎಂದಳು. "ಕರ್ಕೊಂಡು ಹೋಗ್ಲಿಲ್ಲ."

"ಅವನ ಮನೆ ಹಾಳಾಗ!" ಎಂದು ಪೇಂಟರ್ ಸಿಡಿದ. ಮಾಲೀಕನ ಏಳು ತಲೆಮಾರನ್ನೂ ಬಿಡದೆ ಬೈದ. ಬೈದು ಬೈದು ಸುಸ್ತಾಗಿ, ಅವಳ ಕಣ್ಣಲ್ಲಿ ನೀರು ನೋಡಿ, ಕೈ ಚಾಚಿ ಅವಳ ತಲೆಯ ಮೇಲಿಟ್ಟ. ಬಿದ್ದ ಮೇಲೆ ಅವನು ಹಾಗೆ ಮುಟ್ಟಿದ್ದು ಅದೇ ಮೊದಲು. "ಅಳಬೇಡ ಕಣೇ. ಅವರು ತೋರಿಸದೆ ಇದ್ರೆ ಬಿಡು, ನಾನು ನೋಡಿಲ್ವಾ? ನಾನು ಹೇಳ್ತೀನಿ, ಕೇಳಿಸ್ಕೋ."

ಮತ್ತೆ ಹೇಳಲು ಶುರುಮಾಡಿದ. ಥಿಯೇಟರು, ಆಸ್ಪತ್ರೆಯ ಹಿಂದಿನ ಮೋರಿ, ಬೀದಿಗಳು ಹೋಗಿ ಕೂಡುವ ಜಾಗ. ಬಹಳ ಪ್ರೀತಿಯಿಂದ, ಮಗುವಿಗೆ ಹೇಳುವ ಹಾಗೆ ಹೇಳಿದ. ಅವಳು ಕೆಳಗಿನಿಂದ ದೊಡ್ಡ ಕತ್ತರಿ ತಂದು ಅವನ ಕಾಲ ಬಳಿ ಕೂತಳು. ಹಾಸನ್ನು ಮಡಿಲಿಗೆ ಎಳೆದುಕೊಂಡು, ಮಸಿಬಟ್ಟೆಯ ಅಳತೆಗೆ ತುಂಡು ತುಂಡು ಮಾಡತೊಡಗಿದಳು.

"ಅದನ್ಯಾಕೆ ಕತ್ತರಿಸ್ತೀಯಾ? ಮುಂದಿನ ಸಲಕ್ಕೆ ಬೇಕಾಗುತ್ತಲ್ಲ?"

"ಇಲಿ ಸೇರ್ಕೊಳ್ತವೆ" ಎಂದಳು.

"ಸರಿ, ಎಲ್ಲಿದ್ದೆ? ಹ್ಞಾಂ, ನಮ್ಮ ಮನೆ. ಮೇಲಿಂದ ನೋಡಿದ್ರೆ ನಮ್ಮ ತಾರಸಿ ಬೆಂಕಿಪೊಟ್ಟಣದಷ್ಟು ಕಾಣುತ್ತೆ. ಇಲ್ಲಿ ಕೂತಿರೋ ಮನುಷ್ಯ ಗುರುತೇ ಸಿಗಲ್ಲ. ನಿನಗೆಲ್ಲಿ ಗೊತ್ತಾಗಬೇಕು, ನೀನು ಮೇಲೆ ಹೋದವಳಲ್ಲವಲ್ಲ!"

"ಹೌದು ರೀ" ಎಂದಳು ಟೈಲರಮ್ಮ. "ನನಗೆಲ್ಲಿ ಗೊತ್ತಾಗಬೇಕು." ನೀಲಿ ಪಟ್ಟಿಯ ಹೊಲಿಗೆ ಗಟ್ಟಿಯಾಗಿತ್ತು. ಅದನ್ನು ಕತ್ತರಿಸಲು ಎರಡೂ ಕೈ ಬೇಕಾಯಿತು.