ಬೆಳಗಾಗಿ ಉಳಿದುಹೋದ ಕೊನೆಯ ಸೀನು

ಎಂ.ಎ. ಓದುವಾಗ ನಾನು ನಮ್ಮ ಇತಿಹಾಸದ ಪ್ರೊಫೆಸರಿಗೆ ಸಂಶೋಧನಾ ಸಹಾಯಕಿಯಾದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಅವರು ಯಾರನ್ನಾದರೂ ಮಾತಾಡಿಸುತ್ತಾರೆ, ನಾನು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕು, ಆಮೇಲೆ ಕೂತು ಒಂದೊಂದು ಮಾತನ್ನೂ ಕೇಳಿ ಕೇಳಿ ಟೈಪ್ ಮಾಡಬೇಕು. ಹರಪನಹಳ್ಳಿಯ ನಮ್ಮ ಮನೆಯಲ್ಲಿ ಇದನ್ನು ವಿವರಿಸಲು ಹೋಗಿ ಸೋತೆ. "ಮುದುಕ್ರ ಕೂಡ ಹರಟಿ ಹೊಡಿಯಾಕ ಯೂನಿವರ್ಸಿಟಿ ಯಾಕ ಬೇಕವಾ?" ಎಂದಳು ಅವ್ವ. ಹರಟೆ ಎಂದರೆ ನಾನು ಮೊದಲೇ ಮುಂದು. ತೊಂದರೆ ಬಂದದ್ದೂ ಅಲ್ಲೇ.

ಸರ್ ಮೈಸೂರು ಕಡೆಯವರು, ಮೆತ್ತಗಿನ ಮಾತು. ಅವರದು ಒಂದು ಕಟ್ಟುನಿಟ್ಟಿನ ನಿಯಮ. ಪ್ರಶ್ನೆ ಕೇಳಬೇಕು, ಆಮೇಲೆ ತುಟಿ ಪಿಟಕ್ಕೆನ್ನಬಾರದು. "ನಾವು ಬಾಯಿ ಹಾಕಿದರೆ ಅವರ ನೆನಪು ಕಲಕಿಹೋಗುತ್ತಮ್ಮಾ" ಎನ್ನುತ್ತಿದ್ದರು. ನಾನು ಹೂಂ ಎಂದು ತಲೆಯಾಡಿಸಿ, ಸ್ವಲ್ಪ ಹೊತ್ತಿಗೆಲ್ಲ "ಅಯ್ಯ, ಆಮ್ಯಾಕ ಏನಾತ್ರೀ?" ಎಂದುಬಿಡುತ್ತಿದ್ದೆ. ಆ ವರ್ಷದ ರೆಕಾರ್ಡಿಂಗುಗಳನ್ನು ಈಗ ಕೇಳಿದರೂ ಮುಕ್ಕಾಲು ಪಾಲು ನನ್ನದೇ ದನಿ.

ಅವರು ಬರೆಯುತ್ತಿದ್ದ ಪುಸ್ತಕ ನಮ್ಮ ಕಡೆಯ ಹಳ್ಳಿ ನಾಟಕಗಳ ಮೇಲೆ. ಊರ ಹುಡುಗರೇ ಸೇರಿ ತಾಲೀಮು ನಡೆಸಿ, ಹೆಣ್ಣು ಪಾತ್ರಕ್ಕೆ ಕಲಾವಿದೆಯನ್ನು ಕರೆಸಿ, ರಾತ್ರಿಯಿಡೀ ಆಡುವ ಸಾಮಾಜಿಕ ನಾಟಕಗಳು. ಒಮ್ಮೆ ಕೊಟ್ಟೂರಿನಲ್ಲಿ ಬಸ್ಸು ಹತ್ತುವಾಗ ಸರ್ ಪ್ಯಾಂಟು ಹರಿದುಕೊಂಡರು. ಹತ್ತಿರದ ಟೇಲರ್ ಅಂಗಡಿಗೆ ಓಡಿದೆವು. ಅಂಗಡಿಯ ಅಜ್ಜ ಸರ್‌ಗೆ ಒಂದು ಲುಂಗಿ ಕೊಟ್ಟು, ಪ್ಯಾಂಟು ಹೊಲಿಯುತ್ತಾ ನಮ್ಮ ಊರು, ಕೆಲಸ ವಿಚಾರಿಸಿದರು. ನಾಟಕ ಎಂದದ್ದೇ ತಡ, ಅವರ ಮಿಷನ್ನು ನಿಂತಿತು.

"ನಾನೂ ಒಂದು ಬರದೀನ್ರೀ ಸರ. ಒಂದs ಒಂದು."

ಉಜ್ಜಿನಿ ಹತ್ತಿರದ ತಮ್ಮ ಹಳ್ಳಿಯಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ ಬರೆದದ್ದಂತೆ. ಹಳ್ಳಿ ನಾಟಕಗಳ ರೂಢಿಯಂತೆ ನಡುವೆ 'ಅರ್ಥಾತ್' ಸೇರಿಸಿ ಅದಕ್ಕೆ ಎರಡೆರಡು ಹೆಸರಿಟ್ಟಿದ್ದರಂತೆ. ಒಂದೇ ಸಲ ಆಡಿದರು. ಆಮೇಲೆ ಬೇರೆ ಊರಿನವರು ಓದಿ ಕೊಡುತ್ತೇವೆಂದು ಪ್ರತಿಯನ್ನು ಒಯ್ದರು. ಅದು ಹೋದದ್ದು ಹೋಯಿತು. ಈಗ ಅಜ್ಜನಿಗೆ ಕಥೆ ನೆನಪಿದೆ, ಮಾತು ನೆನಪಿಲ್ಲ. "ಹೊಸದಾಗಿ ಬರಿಬೌದು ತಂಗಿ, ಅದು ಅದಾಗಂಗಿಲ್ಲ. ನನ್ನ ಕಿವಿ ದಿನದಿನಕ್ಕ ಮಂದ ಆಗಾಕತ್ತ್ಯಾವು. ಪೂರ್ತಿ ಮುಚ್ಚೂದ್ರಾಗ ಒಂದ್ಸಲ ನನ್ನ ನಾಟಕ ಕೊನಿತನ ಕೇಳಿಬಿಡಬೇಕು ನೋಡು" ಎಂದರು.

ನನಗೆ ಆಗಲೇ ಮೈ ಜುಂ ಎಂದಿತು. ಸರ್ ಕಡೆ ನೋಡಿದೆ. ಲುಂಗಿಯಲ್ಲಿ ಕೂತ ಅವರ ಕಣ್ಣೂ ಹೊಳೆಯುತ್ತಿತ್ತು. ನಾಟಕದ ಪೂರ್ತಿ ಪ್ರತಿ ಇಲ್ಲದಿದ್ದರೇನಂತೆ, ಆಡಿದವರು ಇದ್ದಾರಲ್ಲ! ಹಳ್ಳಿ ನಾಟಕದಲ್ಲಿ ಯಾರಿಗೂ ಪೂರ್ತಿ ನಾಟಕ ಕೊಡುವುದಿಲ್ಲ. ಒಬ್ಬೊಬ್ಬರಿಗೆ ಅವರವರ ಮಾತು, ಅದಕ್ಕೆ ಮುಂಚೆ ಎದುರಿನವರು ಆಡುವ ಕೊನೆಯ ನಾಲ್ಕು ಶಬ್ದ, ಅಷ್ಟೇ ಬರೆದು ಕೊಡುತ್ತಾರೆ. ಹಾಗಾಗಿ ನಾಟಕ ತುಂಡು ತುಂಡಾಗಿ ಅವರ ಗಂಟಲಲ್ಲಿ ಉಳಿದಿರಬೇಕು. ಆಗ ಒಂದೇ ಊರಲ್ಲಿದ್ದ ಹುಡುಗರು ಈಗ ಹೊಟ್ಟೆಪಾಡಿಗೆ ತಾಲ್ಲೂಕಿಗೊಬ್ಬರಂತೆ ಹಂಚಿಹೋಗಿದ್ದರು. ಅಜ್ಜ ಬಾಯಲ್ಲೇ ವಿಳಾಸ ಹೇಳಿದರು. ಹೊಲಿದ ಪ್ಯಾಂಟು ಹಾಕಿಕೊಂಡು ಸರ್ ಎದ್ದರು.

ಮೊದಲು ಹಾಸ್ಯದ ಪಾತ್ರಧಾರಿ. ಕೂಡ್ಲಿಗಿಯಲ್ಲಿ ಚಹದಂಗಡಿ ಇಟ್ಟಿದ್ದರು. ನಾಟಕದಲ್ಲಿ ಅವರು ಮನೆಯ ಆಳು, ಹೆಚ್ಚುಕಡಿಮೆ ಎಲ್ಲ ಸೀನಿನಲ್ಲೂ ಮೂಲೆಯಲ್ಲಿ ಪೊರಕೆ ಹಿಡಿದು ನಿಂತವರು. ಹಾಗಾಗಿ ಎಲ್ಲರ ಮಾತಿನ ಬಾಲಗಳೂ, ಅಂದರೆ ಆ ಕೊನೆಯ ಶಬ್ದಗಳೂ, ಅವರಿಗೆ ಬರುತ್ತಿದ್ದವು. ಚಹ ಸೋಸುತ್ತಾ ಹೇಳುತ್ತಲೇ ಹೋದರು, ಗಿರಾಕಿಗಳು ಕಾದು ಕಾದು ತಾವೇ ಲೋಟ ತೊಳೆದುಕೊಂಡರು.

ಅಲ್ಲಿಂದ ಹಗರಿಬೊಮ್ಮನಹಳ್ಳಿ. ಖಳನಾಯಕನಾಗಿದ್ದ ಚಾಚಾ ಅಲ್ಲಿ ಗ್ಯಾರೇಜು ನಡೆಸುತ್ತಿದ್ದರು. ಸರ್ ತಮ್ಮ ಪದ್ಧತಿಯಂತೆ ಪ್ರಶ್ನೆ ಕೇಳಿ ಸುಮ್ಮನೆ ಕೂತರು. ಚಾಚಾ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಆಕಾಶ ನೋಡಿದರು. "ಏನೂ ನೆಪ್ಪಿಲ್ರೀ ಸರ. ಎಷ್ಟು ವರ್ಷ ಆತು! ಬರೇ ನಗ್ತಿದ್ದೆ ಅಂತ ನೆಪ್ಪೈತಿ." ಸರ್ ಕಾಯುತ್ತಿದ್ದರು. ಕೂಡ್ಲಿಗಿಯಲ್ಲಿ ಕೇಳಿದ್ದ ನಾಯಕಿಯ ಮಾತಿನ ಬಾಲವೊಂದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ತಡೆಯಲಾಗಲಿಲ್ಲ. ಸೆರಗಿಲ್ಲದಿದ್ದರೂ ದುಪ್ಪಟ್ಟವನ್ನೇ ಎದೆಗೆ ಅವಚಿಕೊಂಡು ಕೂಗಿಬಿಟ್ಟೆ: "ನೀಚಾ! ಈ ಹೊಸ್ತಿಲು ದಾಟಿದರೆ ನೀನು ಸುಟ್ಟು ಬೂದಿಯಾಗುವೆ!"

ಚಾಚಾ ಸ್ಪ್ಯಾನರ್ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. "ಹ್ಹ ಹ್ಹ ಹ್ಹಾ! ಬೂದಿ? ಎಲೈ ಹೆಣ್ಣೇ, ಈ ಊರಿನ ಎಷ್ಟೋ ಮನೆಗಳ ಒಲೆ ಆರಿಸಿ ಬಂದವನು ನಾನು! ನಿನ್ನ ಗಂಡನ ಬುದ್ಧಿ ನನ್ನ ಮುಷ್ಟಿಯಲ್ಲಿದೆ, ನಿನ್ನ ಮನೆ ನನ್ನ ಬೆರಳ ತುದಿಯಲ್ಲಿದೆ!" ಅಲ್ಲಿಂದ ಸುರುವಾದದ್ದು ನಿಲ್ಲಲೇ ಇಲ್ಲ. ಪಕ್ಕದ ಪಂಕ್ಚರ್ ಅಂಗಡಿಯವರು ಎದ್ದು ಬಂದರು. ಬೈಕು ರಿಪೇರಿಗೆ ತಂದವನು ಹೆದರಿ ಹೆಲ್ಮೆಟ್ ಹಾಕಿಕೊಂಡ. ಮುಗಿಸಿದ ಮೇಲೆ ಚಾಚಾ ತಾವೇ ಬೆರಗಾಗಿ ಸ್ಪ್ಯಾನರ್ ನೋಡಿಕೊಂಡರು. "ಯಾ ಅಲ್ಲಾ, ಎಲ್ಲಿತ್ತಿದು ಇಷ್ಟು ದಿನ?"

ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಹೇಳಿದರು, "ಇನ್ನು ಮುಂದೆ ಬಾಯಿ ಹಾಕಮ್ಮಾ. ಆದರೆ ನಾಟಕದ ಮಾತು ಮಾತ್ರ." ನನಗೆ ರಾಜ್ಯ ಸಿಕ್ಕಷ್ಟು ಖುಷಿಯಾಯಿತು.

ಹೀಗೆ ಸೀನುಗಳು ಕೂಡಿಕೊಳ್ಳತೊಡಗಿದವು. ಕಥೆ ದೊಡ್ಡದೇನಲ್ಲ. ದುಷ್ಟ ಗೆಳೆಯನ ಮಾತು ಕೇಳಿ ಗಂಡ ಹೆಂಡತಿಯನ್ನು ಹೊರಗೆ ಹಾಕುತ್ತಾನೆ, ಆಸ್ತಿಯೆಲ್ಲ ಕಳೆದುಕೊಳ್ಳುತ್ತಾನೆ. ಅವಳು ದುಡಿದು ಅದೇ ಮನೆಯನ್ನು ಬಿಡಿಸಿಕೊಳ್ಳುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಬಾಗಿಲಿಗೆ ಬರುತ್ತಾನೆ. ಅಲ್ಲಿಗೆ ನಿಂತಿತು. ಕೊನೆಯ ಸೀನು ಕೇಳಿದರೆ ಎಲ್ಲರೂ ಒಂಥರಾ ನಕ್ಕು ಮಾತು ಬದಲಿಸುತ್ತಿದ್ದರು. ಅಜ್ಜನೂ ಅಷ್ಟೇ. "ಗಂಡ ಬಾಗಲಕ್ಕ ಬರ್ತಾನ, ಆಕಿ ಪಾದಕ್ಕ ಬೀಳ್ತಾಳ, ಪರದಿ. ಮಾತು ಮಾತ್ರ ಎಲ್ಲಿ ಹೋಗ್ಯಾವೋ" ಎಂದು ಎದ್ದು ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಿದ್ದರು. ಸರ್‌ಗೆ ಅನುಮಾನ ಬಂತು. ಆ ಸೀನಿನಲ್ಲಿ ಊರು ಒಪ್ಪದ ಏನೋ ಇತ್ತು, ಅದಕ್ಕೇ ಮುಚ್ಚಿಡುತ್ತಿದ್ದಾರೆ ಎಂದು ನಿರ್ಧರಿಸಿ, 'ಸಮುದಾಯದ ಮೌನ' ಎಂಬ ತಲೆಬರಹ ಹಾಕಿ ಒಂದು ಅಧ್ಯಾಯವನ್ನೇ ಶುರು ಮಾಡಿದರು. ನಾನೂ ಹುರುಪಿನಿಂದ ಟೈಪ್ ಮಾಡಿಕೊಟ್ಟೆ.

ಆ ಅಧ್ಯಾಯವನ್ನು ನೆಲಸಮ ಮಾಡಿದವರು ನಮ್ಮೂರಿನ ದಲಾಲರು. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ, ದಪ್ಪ ಮೀಸೆ, ಬಿಳಿ ಅಂಗಿ. ಅವರೇ ಆ ನಾಟಕದ ಗಂಡ. ಜೋಳದ ರಾಶಿಯ ಪಕ್ಕ ಚೀಲದ ಮೇಲೆ ಕೂರಿಸಿಕೊಂಡು ತಮ್ಮ ಮಾತುಗಳನ್ನು ಗಡಗಡ ಒಪ್ಪಿಸಿದರು. ಸರ್ ದನಿ ತಗ್ಗಿಸಿ ಕೇಳಿದರು, "ಕೊನೆಯ ದೃಶ್ಯದ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲ?"

"ಯಾರು ನೋಡ್ಯಾರ್ರೀ ಸರ, ಮಾತಾಡಾಕ?" ಎಂದರು ದಲಾಲರು. "ಹೊತ್ತು ಹುಟ್ಟಿಬಿಡ್ತು."

ನನಗೆ ಥಟ್ಟನೆ ಹೊಳೆಯಿತು, ನಗು ಉಕ್ಕಿ ಬಂತು. ಸರ್‌ಗೆ ತಿಳಿಯಲಿಲ್ಲ. ನಾನೇ ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ಪಾತ್ರ ಮಾಡಿದವರಿಗೆ ಬೀಗರು, ನೆಂಟರು, ಗೆಳೆಯರು ಆಯೇರಿ ಮಾಡುತ್ತಾರೆ, ಅಂದರೆ ಉಡುಗೊರೆ. ಅದೂ ನಾಟಕದ ನಡುವೆಯೇ, ಸ್ಟೇಜಿನ ಮೇಲೇ. ಖಳನಾಯಕ ಚೂರಿ ಎತ್ತಿರುತ್ತಾನೆ, ಮೈಕಿನಲ್ಲಿ ತಡೀರಿ ಎನ್ನುತ್ತಾರೆ, ಅವನ ಸೋದರಮಾವ ಹಾರ, ಟವೆಲ್ಲು, ಅಂಗಿ ಬಟ್ಟೆ ಹಿಡಿದು ಹತ್ತಿ ಬರುತ್ತಾನೆ. ಖಳನಾಯಕ ಚೂರಿಯನ್ನು ನಾಯಕಿಯ ಕೈಗೇ ಕೊಟ್ಟು ಹಾರ ಹಾಕಿಸಿಕೊಂಡು, ಫೋಟೋ ಆದಮೇಲೆ ಚೂರಿ ವಾಪಸು ಈಸಿಕೊಂಡು ಅಲ್ಲಿಂದಲೇ ಮುಂದುವರಿಸುತ್ತಾನೆ.

"ಆ ವರ್ಷನs ನನ್ನ ಮದಿವಿ ಆಗಿತ್ತು" ಎಂದರು ದಲಾಲರು ನಾಚಿಕೊಂಡು. "ಹೊಸಾ ಅಳಿಯ ನೋಡ್ರೀ. ಬೀಗರ ಊರs ಬಂದಿತ್ತು. ನಾನು ಒಂದು ಮಾತು ಅಂದ್ರ ಒಂದು ಹಾರ. ಕೊನಿ ಸೀನಿಗೆ ಬರೂದ್ರಾಗ ಬೆಳಕು ಹರದು, ಜನ ಚರಿಗಿ ಹಿಡಕಂಡು ಹೊಲದ ಕಡಿ ಹೊಂಟಿದ್ರು. ಮಂಗಳ ಹಾಡಿ ಪರದಿ ಇಳಿಸಿದ್ವಿ. ಪಾಪ, ನಾಟಕ ಬರದಾಂವ ಪರದಿ ಹಿಂದ ಕುಂತು ಅತ್ತಾನ. ಅದಕs ನಾವ್ಯಾರೂ ಯಾರ ಮುಂದನೂ ಆ ಸೀನಿನ ಸುದ್ದಿ ತಗಿಯಂಗಿಲ್ಲ."

ನನ್ನ ನಗು ಅಲ್ಲೇ ಇಂಗಿತು. ಅಜ್ಜ ತನ್ನ ನಾಟಕವನ್ನು ಕೊನೆತನಕ ಕೇಳಬೇಕು ಎಂದದ್ದು ಮತ್ತೊಮ್ಮೆ ಎಂಬ ಅರ್ಥದಲ್ಲಿ ಅಲ್ಲ. ಸ್ಟೇಜಿನ ಮೇಲೆ ಆ ಕೊನೆಯನ್ನು ಅವರು ಒಮ್ಮೆಯೂ ಕೇಳಿಯೇ ಇರಲಿಲ್ಲ.

ಆ ಸೀನು ಬರೀ ತಾಲೀಮಿನಲ್ಲಿ ಬದುಕಿದ್ದದ್ದು. ಅದರಲ್ಲಿ ಇದ್ದವರು ಇಬ್ಬರೇ, ಗಂಡ ಮತ್ತು ಹೆಂಡತಿ. ಗಂಡನ ಮಾತು ಸಿಕ್ಕಿತು. ಹೆಂಡತಿಯಾದ ಕಲಾವಿದೆ ಹಡಗಲಿಯಲ್ಲಿದ್ದಾರೆಂದು ದಲಾಲರೇ ಹೇಳಿದರು. ಮರುದಿನವೇ ಬಸ್ಸು ಹತ್ತಿದೆವು. ಆ ಅಮ್ಮ ಮಗಳ ಮನೆಯ ಕಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಕಟ್ಟುತ್ತಾ ಕೂತಿದ್ದರು. ನೀಟಾಗಿ ಬಾಚಿದ ಬಿಳಿ ಕೂದಲು, ನೆಟ್ಟಗಿನ ಬೆನ್ನು. ಕೊನೆಯ ಸೀನು ಎಂದ ಕೂಡಲೇ ಅವರ ಬೆರಳು ನಿಂತಿತು.

"ನೆನಪೈತಿ. ಒಂದಕ್ಷರ ಬಿಡದಂಗ ಐತಿ."

ಮೊಬೈಲು ಮುಂದೆ ಹಿಡಿದೆ. ಅವರು ಅದನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. "ಇದರಾಗ ಹೇಳಂಗಿಲ್ಲವಾ. ಬರದಾತ ಎದುರಿಗೆ ಕುಂದರ್ಲಿ. ಗಂಡ ಬಾಗಲದಾಗ ನಿಂದರ್ಲಿ. ಆಗ ಹೇಳ್ತೀನಿ." ನಾನು ಎಷ್ಟು ಬಡಬಡಿಸಿದರೂ ಜಗ್ಗಲಿಲ್ಲ. ಸರ್ ಮಾತ್ರ ಮುಗುಳ್ನಕ್ಕು ಕೈಮುಗಿದರು.

ಹೀಗೆ ಒಂದು ದಿನ ಬೆಳಿಗ್ಗೆ ಕೊಟ್ಟೂರಿನ ಆ ಟೇಲರ್ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ಕಲಾವಿದೆ ಅಮ್ಮ ಹಡಗಲಿಯಿಂದ ಬಸ್ಸಿನಲ್ಲಿ ಬಂದರು, ದಲಾಲರು ಬೈಕಿನಲ್ಲಿ. ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಅಂಗಡಿಯ ಹೊಸ್ತಿಲೇ ಮನೆಯ ಹೊಸ್ತಿಲಾಯಿತು. ರಸ್ತೆಯಲ್ಲಿ ಹೋಗುವವರು ಏನೆಂದು ನಿಂತರು, ನಿಂತವರನ್ನು ನೋಡಿ ಇನ್ನಷ್ಟು ಜನ ನಿಂತರು. ನಾನು ರೆಕಾರ್ಡಿಂಗ್ ಒತ್ತಿ, ಸಾಲದ್ದಕ್ಕೆ ಹಾಳೆ ಪೆನ್ನೂ ಹಿಡಿದು ನಿಂತೆ. ಯಂತ್ರದ ಮೇಲೆ ನನಗೆ ಭರವಸೆ ಇರಲಿಲ್ಲ.

ದಲಾಲರು ಹೊಸ್ತಿಲ ಹೊರಗೆ ತಲೆ ತಗ್ಗಿಸಿ ನಿಂತರು. "ಮಾತು ಕೇಳಿ ಮನೆ ಕೆಡಿಸಿಕೊಂಡ ಪಾಪಿ ನಾನು. ಒಳಗೆ ಬಾ ಎನ್ನುವೆಯಾ, ಹೋಗು ಎನ್ನುವೆಯಾ?" ದನಿ ನಿಜಕ್ಕೂ ಒಡೆಯಿತು. ಆಮೇಲೆ ಪದ್ಧತಿಯಂತೆ ಬಲಗೈ ಎತ್ತಿ, ಪಾದಕ್ಕೆ ಬೀಳುವ ಹೆಂಡತಿಯನ್ನು ಹರಸಲು ಸಿದ್ಧರಾದರು.

ಅಮ್ಮ ಬೀಳಲಿಲ್ಲ. ಮಿಷನ್ನಿನ ಪಕ್ಕ ನೆಟ್ಟಗೆ ನಿಂತೇ ಇದ್ದರು. "ಬನ್ನಿ. ಹಸಿದಿದ್ದೀರಿ, ಉಣ್ಣಿ. ದಣಿದಿದ್ದೀರಿ, ಮಲಗಿ. ಆದರೆ ಅಂದು ನನ್ನ ಸೊಂಟದಿಂದ ಕಿತ್ತುಕೊಂಡಿರಲ್ಲ, ಈ ಮನೆಯ ಆ ಕೀಲಿಕೈ ಇನ್ನು ನನ್ನ ಸೊಂಟದಲ್ಲಿರುತ್ತದೆ. ಕೊಟ್ಟು ಒಳಗೆ ಬನ್ನಿ."

ದಲಾಲರ ಕೈ ಮೇಲೆಯೇ ಉಳಿಯಿತು. ಸರ್ ನನ್ನ ಕಡೆ, ನಾನು ಅಜ್ಜನ ಕಡೆ ನೋಡಿದೆವು. ಅವರು ಇಷ್ಟು ವರ್ಷ ಕಾದದ್ದು ಈ ಮಾತಿಗಲ್ಲವಲ್ಲ!

"ಇದು ನಾ ಬರದದ್ದಲ್ಲ" ಎಂದರು ಅಜ್ಜ.

"ಅಲ್ಲ" ಎಂದರು ಅಮ್ಮ. "ತಾಲೀಮಿನಾಗs ಹೇಳಿದ್ದೆ. ಹೊರಗ ಹಾಕಿದಾಂವ ತಿರುಗಿ ಬಂದ್ರ ಆಕಿ ಯಾಕ ಪಾದಕ್ಕ ಬೀಳ್ತಾಳ, ಈ ಮಾತು ನನ್ನ ಬಾಯಾಗ ಬರಂಗಿಲ್ಲ ಅಂತ. ನೀವು ಸಿಟ್ಟು ಮಾಡಿದ್ರಿ. ಸ್ಟೇಜಿನ ಮ್ಯಾಲ ಇದನ್ನs ಹೇಳಬೇಕಂತ ಮನಸಿನಾಗ ಮಾಡಿ ಇಟಗೊಂಡಿದ್ದೆ. ಹೊತ್ತು ಹುಟ್ಟಿಬಿಡ್ತು."

ಅಜ್ಜ ಕೈ ಕಿವಿಗೆ ಹಿಡಿದು ಬಾಗಿದರು. "ಪೂರ್ತಿ ಕೇಳಲಿಲ್ಲವಾ. ಇಲ್ಲಿ ಬಂದು ಇನ್ನೊಮ್ಮೆ ಹೇಳು."

ಅಮ್ಮ ಹತ್ತಿರ ಹೋಗಿ, ಅವರ ಕಿವಿಯ ಬಳಿ ಬಗ್ಗಿ, ಒಂದೊಂದೇ ಮಾತು ಬಿಡಿಸಿ ಮತ್ತೆ ಹೇಳಿದರು. ಅಜ್ಜ ಕಣ್ಣು ಮುಚ್ಚಿ ಕೇಳಿದರು. ಅವರ ತುಟಿಯೂ ಆ ಮಾತುಗಳ ಜೊತೆ ಅಲ್ಲಾಡುತ್ತಿತ್ತು, ತಾವೇ ಬರೆಯುತ್ತಿರುವವರ ಹಾಗೆ. ಆಮೇಲೆ ಕಣ್ಣು ತೆರೆದು ಬಾಗಿಲ ಕಡೆ ನೋಡಿ ಗದರಿದರು.

"ಏ, ಕೈ ಇಳಸಲೇ! ಆಕಿ ಕೀಲಿ ಕೇಳ್ಯಾಳ. ಕೊಡು."

ದಲಾಲರು ಗಲಿಬಿಲಿಯಾಗಿ ಜೇಬು ತಡಕಿದರು. ಸಿಕ್ಕಿದ್ದು ಬೈಕಿನ ಕೀಲಿ. ಅದನ್ನೇ ಎರಡೂ ಕೈಯಲ್ಲಿ ಹಿಡಿದು, ಹೊಸ್ತಿಲಾಚೆಯಿಂದ ನೀಡಿದರು. ಅಮ್ಮ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ರಸ್ತೆಯಲ್ಲಿ ನಿಂತವರು ಚಪ್ಪಾಳೆ ತಟ್ಟಿದರು, ಯಾರೋ ಸಿಳ್ಳೆ ಹಾಕಿದರು. ನಾನಂತೂ ಪೆನ್ನು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಇಂಕು ಮಾಡಿಕೊಂಡೆ.

ಸರ್ ಮೆಲ್ಲಗೆ ಕೇಳಿದರು, "ಪುಸ್ತಕದಲ್ಲಿ ಯಾವ ಕೊನೆ ಹಾಕೋಣ? ನೀವು ಬರೆದದ್ದೋ, ಇದೋ?"

"ನಾ ಬರದದ್ದು ಯಾರೂ ಆಡ್ಲಿಲ್ಲ ಸರ" ಎಂದರು ಅಜ್ಜ. "ಆಕಿದು ಆಡಿದ್ರು, ನಾ ಕೇಳಿದ್ನಿ." ಆಮೇಲೆ ನನ್ನ ಕಡೆ ತಿರುಗಿದರು. "ಬರ್ಕಂಡೇನು ತಂಗಿ?"

"ಬರ್ಕಂಡೀನಿ ಅಜ್ಜಾ" ಎಂದೆ.