ಕೀಲಿಯ ಮೇಲಿನ ಹೆಸರು

ಎರಡು ತಿಂಗಳ ಕಾಲ ಕಚೇರಿಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ನನ್ನದಾಗಿರಲಿಲ್ಲ. ಚೀಲವನ್ನು ಕುರ್ಚಿಗೆ ತಗುಲಿಸಿ, ಕಂಪ್ಯೂಟರ್ ತೆರೆದು, ಎದುರು ಸಾಲಿನಲ್ಲಿ ಕೂರುವ ಸಹೋದ್ಯೋಗಿಯೊಬ್ಬಳ ಫೈಲಿಗೆ ಹೋಗುತ್ತಿದ್ದೆ. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದೆಲ್ಲ ಆ ಫೈಲಿನ ಬಲಬದಿಯಲ್ಲಿ ದಾಖಲಾಗಿರುತ್ತದೆ. ಹಿಂದಿನ ಸಂಜೆಯಿಂದ ಈಚೆಗೆ ಆಕೆಯ ಬರಹಕ್ಕೆ ಎಷ್ಟು ಮಂದಿ ಟಿಪ್ಪಣಿ ಹಾಕಿದ್ದಾರೆಂದು ಎಣಿಸುತ್ತಿದ್ದೆ. ಕೆಲವು ದಿನ ಆರು, ಕೆಲವು ದಿನ ಒಂಬತ್ತು, ಒಂದು ಸೋಮವಾರವಂತೂ ಹದಿನಾಲ್ಕು. ಆಮೇಲೆ ನನ್ನ ಫೈಲನ್ನು ತೆರೆಯುತ್ತಿದ್ದೆ. ಅಲ್ಲಿ ಟಿಪ್ಪಣಿ ಇರುವ ಪ್ರಶ್ನೆಯೇ ಇರಲಿಲ್ಲ. ಅದಕ್ಕೆ ಕೀಲಿ ಹಾಕಿದವನು ನಾನೇ.

ನಮ್ಮ ಕಚೇರಿ ಇರುವುದು ಯೆರವಡಾದಲ್ಲಿ. ಮೂರನೆಯ ಮಹಡಿಯ ಕಿಟಕಿಯಿಂದ ಜೈಲಿನ ಗೋಡೆ ಕಾಣುತ್ತದೆ. ಕಂಪನಿಯ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಹೇಗೆ ನಡೆಸಬೇಕು, ಹೇಗೆ ನಿಲ್ಲಿಸಬೇಕು, ದುರಸ್ತಿಗೆ ಮೊದಲು ಏನು ಮಾಡಬೇಕು ಎಂಬ ಕೈಪಿಡಿಗಳನ್ನು ಇಂಗ್ಲಿಷಿನಲ್ಲಿ ಬರೆದು ಕಾಪಾಡುವುದು ನಮ್ಮ ವಿಭಾಗದ ಕೆಲಸ. ಹಿಂದೆ ಇವೆಲ್ಲ ಒಂದೇ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ ಎರಡು’, ‘ಇದೇ ಫೈನಲ್’ ಎಂಬ ಹೆಸರುಗಳಲ್ಲಿ ಬಿದ್ದಿರುತ್ತಿದ್ದವು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಆ ಗೊಂದಲ ತಪ್ಪಿತು. ಅದರಲ್ಲಿ ಫೈಲನ್ನು ಎಲ್ಲರಿಗೂ ತೆರೆದಿಟ್ಟು ಬರೆಯಬಹುದು. ಕಾರ್ಖಾನೆಯವರೂ ಒಳಗೆ ಬಂದು ತಿದ್ದಬಹುದು. ಇಲ್ಲವೇ ‘ಚೆಕ್ ಔಟ್’ ಎಂಬುದನ್ನು ಒತ್ತಿ ಫೈಲನ್ನು ನಮ್ಮೊಬ್ಬರ ವಶಕ್ಕೆ ತೆಗೆದುಕೊಳ್ಳಬಹುದು. ಆಗ ಅದರ ಪಕ್ಕದಲ್ಲಿ ಪುಟ್ಟ ಕೀಲಿಯ ಚಿತ್ರವೂ ನಮ್ಮ ಹೆಸರೂ ಕಾಣಿಸುತ್ತವೆ. ನಾವಾಗಿ ಮರಳಿಸುವವರೆಗೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಒಂದೆರಡು ಗಂಟೆಯ ತಿದ್ದುಪಡಿಗೆಂದು ಮಾಡಿದ ಸೌಕರ್ಯ ಅದು. ನಾನು ಎರಡು ತಿಂಗಳು ಬಳಸಿದೆ.

ಇದಕ್ಕೆ ಕಾರಣವನ್ನು ಹೇಳಬೇಕಾದರೆ ನನ್ನ ತಂದೆಯವರ ರಜೆ ಅರ್ಜಿಯ ವಿಷಯವನ್ನು ಹೇಳಬೇಕು. ದೌಂಡ ಜಂಕ್ಷನ್ನಿನಲ್ಲಿ ರೈಲು ಚಾಲಕರು ಪಾಳಿಗಳ ನಡುವೆ ತಂಗುವ ವಿಶ್ರಾಂತಿ ಕೋಣೆಗಳಲ್ಲಿ ಅವರು ಅಡುಗೆಯವರಾಗಿದ್ದರು. ತಮ್ಮ ತಂಗಿಯ ಮದುವೆಗೆಂದು ಅವರು ಕೊಟ್ಟ ರಜೆ ಅರ್ಜಿ, ಹುದ್ದೆಯ ಹೆಸರನ್ನು ತಪ್ಪಾಗಿ ಬರೆದಿದ್ದಕ್ಕೆ ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು ವಾಪಸು ಬಂತು. ಎರಡನೆಯ ಅರ್ಜಿ ಮಂಜೂರಾಗಿ ಅವರು ಊರು ಮುಟ್ಟುವ ಹೊತ್ತಿಗೆ ಅಕ್ಷತೆ ಬಿದ್ದಾಗಿತ್ತು. ಅಂದಿನಿಂದ ಮೂವರು ಓದದೆ ಒಂದು ಕಾಗದವೂ ನಮ್ಮ ಮನೆಯ ಹೊಸಿಲು ದಾಟಲಿಲ್ಲ. ಆ ಮನೆಯಲ್ಲಿ ಮೊದಲು ಪದವಿ ಪಡೆದವನು ನಾನು. ಅಕ್ಕಲಕೋಟೆಯ ಕಡೆ ಸೋದರತ್ತೆಯ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತೆ, ಕಾಲೇಜಿನಲ್ಲಿ ಮರಾಠಿಯನ್ನು ಹೊಂದಿಸಿಕೊಂಡೆ, ಕಚೇರಿಯಲ್ಲಿ ಇಂಗ್ಲಿಷನ್ನು. ಮೂರು ಭಾಷೆಗಳಲ್ಲಿಯೂ ನಾನು ಅತಿಥಿಯೇ. ಅತಿಥಿ ತನ್ನ ಚಪ್ಪಲಿಗಳನ್ನು ಬಾಗಿಲ ಹೊರಗೆ ನೇರವಾಗಿ ಜೋಡಿಸಿಡುವಂತೆ ನಾನು ಪದಗಳನ್ನು ಜೋಡಿಸುತ್ತೇನೆ.

ಆಕೆ ಧಾರವಾಡದವಳು. ತಂದೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು, ಅಜ್ಜ ವಕೀಲರು. ಆಕೆಯ ಕರಡುಗಳನ್ನು ಮೊದಲ ಬಾರಿ ನೋಡಿದಾಗ ನನಗೆ ಗಾಬರಿಯೇ ಆಯಿತು. ಅರ್ಧಕ್ಕೆ ನಿಂತ ವಾಕ್ಯಗಳು, ಕಾಗುಣಿತದ ದೋಷಗಳು, ನಡುನಡುವೆ ಹಳದಿ ಬಣ್ಣ ಬಳಿದ ಖಾಲಿ ಜಾಗಗಳು. ಆ ಜಾಗಗಳಲ್ಲಿ ‘ಇದು ನನಗೆ ಗೊತ್ತಿಲ್ಲ, ಬಲ್ಲವರು ಹೇಳಿ’ ಎಂದು ಬರೆದು, ಇಡೀ ಕಂಪನಿಗೆ ಕಾಣುವಂತೆ ಇಟ್ಟು, ಚಹಾಕ್ಕೆ ಹೊರಟುಬಿಡುತ್ತಿದ್ದಳು. ನನಗೆ ಮತ್ಸರವಾದದ್ದು ಆಕೆಯ ಇಂಗ್ಲಿಷಿನ ಮೇಲಲ್ಲ. ಅದು ನನ್ನದಕ್ಕಿಂತ ಒಂದು ಕೈ ಕಡಿಮೆಯೇ ಇತ್ತು. ಮತ್ಸರವೆಲ್ಲ ಆ ‘ಗೊತ್ತಿಲ್ಲ’ದ ಮೇಲೆ. ಎರಡು ತಲೆಮಾರು ಓದಿದ ಮನೆಯವರು ಮಾತ್ರ ಆ ಮಾತನ್ನು ಅಷ್ಟು ಸಲೀಸಾಗಿ ಆಡಬಲ್ಲರು ಎಂದು ನನಗನ್ನಿಸುತ್ತಿತ್ತು. ನಾನು ಅದೇ ಮಾತನ್ನು ಆಡಿದರೆ, ಇವನಿಗೆ ಗೊತ್ತಿಲ್ಲವೆಂದು ಎಲ್ಲರೂ ನಂಬಿಬಿಡುತ್ತಾರೆ.

ನಮ್ಮಿಬ್ಬರ ನಡುವೆ ಪಣಕ್ಕೆ ಬಿದ್ದದ್ದು ಒಂದು ಹೆಸರಿನ ಜಾಗ. ರಾಂಜಣಗಾಂವದ ಕಾರ್ಖಾನೆಯ ಸುರಕ್ಷತಾ ಕೈಪಿಡಿಗಳನ್ನೆಲ್ಲ ಹೊಸದಾಗಿ ಬರೆಯುವುದಿತ್ತು. ಮೊದಲ ಕೈಪಿಡಿಯನ್ನು ವ್ಯವಸ್ಥಾಪಕರು ಎರಡು ಭಾಗ ಮಾಡಿ, ಗಾಳಿ ಒತ್ತುವ ಕಂಪ್ರೆಸರಿನ ಭಾಗವನ್ನು ಆಕೆಗೂ ತಗಡನ್ನು ಒತ್ತಿ ಆಕಾರ ಕೊಡುವ ದೊಡ್ಡ ಪ್ರೆಸ್ ಯಂತ್ರದ ಭಾಗವನ್ನು ನನಗೂ ಕೊಟ್ಟರು. ಅವರು ಮರಾಠಿಯಲ್ಲಿ ಹೇಳಿದ್ದರ ಸಾರ ಇಷ್ಟು: ಯಾರ ಭಾಗವು ಕಾರ್ಖಾನೆಯ ನೆಲದ ಮೇಲೆ ನಿಲ್ಲುತ್ತದೆಯೋ, ಇದರ ಮತ್ತು ಮುಂದಿನ ಎಲ್ಲ ಕೈಪಿಡಿಗಳ ಹೊಣೆ ಅವರದು. ಪ್ರತಿಯೊಂದು ಪುಟದ ನೆತ್ತಿಯಲ್ಲಿ ಆ ಹೊಣೆಗಾರರ ಹೆಸರು ಅಚ್ಚಾಗುತ್ತದೆ. ಆ ಶನಿವಾರ ದೌಂಡಕ್ಕೆ ಹೋದಾಗ ತಂದೆಯವರಿಗೆ ಇದನ್ನು ವಿವರಿಸಿದೆ. ಅವರು ಕೇಳಿದ್ದು ಒಂದೇ ಮಾತು.

“ನಿನ್ನ ಹೆಸರು ಎಲ್ಲಿ ಬರ್ತದ?”

“ಮ್ಯಾಲ, ಅಪ್ಪಾ. ಎಲ್ಲಾ ಪುಟಕ್ಕೂ.”

“ಅಚ್ಚಾದ ಮ್ಯಾಲ ಒಂದು ತಂದು ತೋರಸು.”

ಹೀಗಾಗಿ ಕೀಲಿ ಹಾಕಿದೆ. ವಾಕ್ಯವೊಂದನ್ನು ಬರೆದು, ಅಳಿಸಿ, ನಿಘಂಟು ನೋಡಿ, ಮತ್ತೆ ಬರೆಯುತ್ತಿದ್ದೆ. ಕೆಲಸ ಸಾಗದೆ ಹೋದಾಗ ಆಕೆಯ ಫೈಲಿಗೆ ಹೋಗಿ ತಪ್ಪುಗಳನ್ನು ಹುಡುಕುತ್ತಿದ್ದೆ. ಅವುಗಳನ್ನು ಬರೆದಿಟ್ಟುಕೊಳ್ಳಲು ಒಂದು ಚಿಕ್ಕ ಡೈರಿಯನ್ನೇ ಇಟ್ಟಿದ್ದೆ. ಅದು ಮೂವತ್ತೊಂದರವರೆಗೆ ಬೆಳೆಯಿತು. ಇಪ್ಪತ್ತಮೂರನೆಯದು ಸಣ್ಣ ತಪ್ಪಾಗಿರಲಿಲ್ಲ: ಕಂಪ್ರೆಸರನ್ನು ಬಿಚ್ಚುವ ಮೊದಲು ಉಳಿದ ಗಾಳಿಯನ್ನು ಹೊರಬಿಡಬೇಕೆಂಬ ಹೆಜ್ಜೆಯನ್ನೇ ಆಕೆ ಬಿಟ್ಟಿದ್ದಳು. ಇದು ಕಾರ್ಖಾನೆಯವರ ಎದುರೇ ಬಯಲಾಗಲಿ ಎಂದುಕೊಂಡು ಸುಮ್ಮನಿದ್ದೆ. ಮರುದಿನವೇ ಅಲ್ಲಿನವರೊಬ್ಬರು ಅದನ್ನು ಸೇರಿಸಿಬಿಟ್ಟಿದ್ದರು. ಆ ಬೆಳಿಗ್ಗೆ ನನಗಾದ ನಿರಾಶೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಆದದ್ದು ನಿರಾಶೆಯೇ.

ಆಕೆ ನನ್ನನ್ನು ಛೇಡಿಸುತ್ತಿದ್ದಳು. ಚಹಾದ ಯಂತ್ರದ ಬಳಿ ಒಮ್ಮೆ ಹಿಡಿದು ನಿಲ್ಲಿಸಿ ಕೇಳಿದಳು.

“ಏನ್ರೀ, ಇನ್ನೂ ಕೀಲಿ ತಗದಿಲ್ಲಲ್ಲಾ? ಒಳಗ ಬಂಗಾರ ಏನರ ಇಟ್ಟೀರೇನು?”

“ಸ್ವಲ್ಪ ಭಾಷೆಯನ್ನು ಸರಿಪಡಿಸುವುದಿದೆ,” ಎಂದೆ.

“ಅಯ್ಯ, ನನ್ನ ಜೋಡಿನೂ ಪಾಠ ಓದಿಧಂಗ ಮಾತಾಡ್ತೀರಲ್ರಿ! ನಿಮ್ಮ ಮನ್ಯಾಗೂ ಹಿಂಗನ?”

ಮನೆಯಲ್ಲಿ ನಾನು ಆಡುವ ಮಾತು ಆಕೆಯ ಮಾತಿಗಿಂತ ಒರಟು. ಅದನ್ನು ಧಾರವಾಡದವರ ಎದುರು ಆಡಲು ಧೈರ್ಯ ಬರಲಿಲ್ಲ. ನಕ್ಕು ಬಂದೆ.

ಪ್ರೆಸ್ ವಿಭಾಗದ ಪಾಳಿ ಮೇಲ್ವಿಚಾರಕರು ಸೊಲ್ಲಾಪುರದ ಕಡೆಯವರು. ನಾನು ಕನ್ನಡದವನೆಂದು ತಿಳಿದ ಮೇಲೆ ಫೋನಿನಲ್ಲಿ ಕನ್ನಡವನ್ನೇ ಆಡುತ್ತಿದ್ದರು. ಮೂರು ಸಲ ಕರೆ ಮಾಡಿದರು.

“ಸಾಹೇಬ್ರ, ಒಂದು ಮಾತು ಸೇರ್ಸೂದದ. ಕೀಲಿ ತಗೀರಿ.”

“ಇನ್ನೆರಡು ದಿನ. ಭಾಷೆಯನ್ನು ನೋಡುತ್ತಿದ್ದೇನೆ.”

ಮೂರನೆಯ ಸಲ ಅವರ ತಾಳ್ಮೆ ತಪ್ಪಿತು. “ಭಾಷಾ ಆಮ್ಯಾಲ ತೊಳೀರಿ ಸಾಹೇಬ್ರ. ನಮ್ಮ ಕಡೆ ಕೀಲಿ ಹಾಕಿದ್ರ ಒಳಗ ಮನಷ್ಯಾ ಅದಾನ ಅಂತ ಅರ್ಥ. ನೀವು ಒಳಗ ಅದೀರೋ ಇಲ್ಲೋ?”

ಅವರು ಹೇಳಿದ್ದು ಕಾರ್ಖಾನೆಯ ಕಟ್ಟಳೆ. ಪ್ರೆಸ್ಸಿನ ದುರಸ್ತಿಗೆ ಇಳಿಯುವವನು ಒತ್ತಡದ ವಾಲ್ವನ್ನು ಮುಚ್ಚಿ, ತನ್ನ ಹೆಸರಿನ ಬಿಲ್ಲೆ ಇರುವ ಕೀಲಿಯನ್ನು ಅದಕ್ಕೆ ಹಾಕಿ, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಒಳಗೆ ಹೋಗುತ್ತಾನೆ. ಅವನು ಹೊರಬರುವವರೆಗೆ ಅದನ್ನು ಇನ್ನೊಬ್ಬರು ತೆಗೆಯುವಂತಿಲ್ಲ. ನಾನು ಬರೆಯುತ್ತಿದ್ದ ಕೈಪಿಡಿಯ ವಿಷಯವೇ ಅದು. ನನಗೆ ಸಿಟ್ಟು ಬಂತು. ಮತ್ತೆ ಫೋನ್ ಮಾಡುವುದಾಗಿ ಹೇಳಿ ಮಾಡಲಿಲ್ಲ.

ಎರಡು ದಿನಗಳ ಮೇಲೆ ಆಕೆಯಿಂದ ಸಂದೇಶ ಬಂತು: ‘ನಿಮ್ಮ ಫೈಲಿಗೆ ಕೀಲಿ ಇದೆಯೆಂದು ಪ್ರೆಸ್ ವಿಭಾಗದವರು ನನ್ನ ಫೈಲಿನಲ್ಲಿ ಟಿಪ್ಪಣಿ ಹಾಕಿದ್ದಾರೆ. ಮುಖ್ಯ ವಾಲ್ವನ್ನು ಎಡಗಡೆಯಿಂದ ಬಲಗಡೆಗೆ ಬದಲಿಸಿದ್ದಾರಂತೆ. ನೋಡಿಕೊಳ್ಳಿ.’ ಆ ಟಿಪ್ಪಣಿಯನ್ನು ನಾನು ಅಂದು ಬೆಳಿಗ್ಗೆಯೇ ಓದಿದ್ದೆ. ಅದರಲ್ಲಿ ಅವರು ಆಕೆಯನ್ನು ‘ತಾಯಿ’ ಎಂದು ಕರೆದಿದ್ದರು. ನನಗೆ ‘ಸಾಹೇಬ್ರ’, ಆಕೆಗೆ ‘ತಾಯಿ’. ಆ ಒಂದು ಪದವನ್ನು ನೋಡಲೆಂದೇ ಅಂದು ಇನ್ನೂ ಮೂರು ಸಲ ಆಕೆಯ ಫೈಲಿಗೆ ಹೋದೆ. ಈಗ ತಿದ್ದಿದರೆ ಆಕೆ ಹೇಳಿದ ಮೇಲೆ ತಿದ್ದಿದನೆಂದಾಗುತ್ತದೆ; ನನ್ನ ಭಾಗದಲ್ಲಿಯೂ ಆಕೆಯ ಕೈ ಆಡಿದಂತಾಗುತ್ತದೆ. ಎಡಗಡೆಯ ವಾಲ್ವಿನ ಬಗ್ಗೆ ನಾನು ಬರೆದ ವಾಕ್ಯ ಬಹಳ ಚೆನ್ನಾಗಿತ್ತು. ಖುದ್ದಾಗಿ ವಿಚಾರಿಸಿ ನೋಡೋಣವೆಂದು ಮುಂದೂಡಿದೆ. ವಿಚಾರಿಸಲಿಲ್ಲ.

ಕೈಪಿಡಿಯನ್ನು ಯಂತ್ರದ ಎದುರೇ ಪರೀಕ್ಷಿಸುವ ದಿನ ಕಂಪನಿಯ ಬಸ್ಸಿನಲ್ಲಿ ರಾಂಜಣಗಾಂವಕ್ಕೆ ಹೋದೆವು. ಯಂತ್ರವನ್ನು ಪೂರ್ತಿ ನಿಲ್ಲಿಸಿದ್ದರು. ನಿಯಮದಂತೆ ಒಬ್ಬರು ಕೈಪಿಡಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಓದಿದಂತೆ ಮಾಡಿ ತೋರಿಸಬೇಕು. ನನ್ನ ಭಾಗವನ್ನು ನಾನೇ ಓದಿದೆ. ಸುತ್ತಲೂ ನಿಂತವರು ತಲೆದೂಗುತ್ತಿದ್ದರು. ಐದನೆಯ ಹೆಜ್ಜೆ: ‘ಎಡಬದಿಯ ಮುಖ್ಯ ವಾಲ್ವನ್ನು ಮುಚ್ಚಿ, ಕೀಲಿ ಹಾಕಿ.’ ಮೇಲ್ವಿಚಾರಕರು ನನ್ನ ಮುಖವನ್ನೇ ನೋಡುತ್ತ ಎಡಗೈ ಚಾಚಿದರು. ಅಲ್ಲಿ ಮುಚ್ಚಳ ಹಾಕಿದ ಪೈಪಿನ ತುದಿಯೊಂದಿತ್ತು. ಅವರು ತಮ್ಮ ಕೀಲಿಯನ್ನು ಗಾಳಿಯಲ್ಲಿ ತೂಗಾಡಿಸಿದರು.

“ಎಲ್ಲಿ ಹಾಕ್ಲಿ ಸಾಹೇಬ್ರ?”

ಯಾರೋ ಕಿಸಕ್ಕನೆ ನಕ್ಕರು. ವ್ಯವಸ್ಥಾಪಕರು ನಗಲಿಲ್ಲ. ಆಕೆಯ ಭಾಗವನ್ನು ಓದುವಾಗ ಭಾಷೆ ಎಡವುತ್ತಿತ್ತು, ಒಂದೆರಡು ಕಡೆ ಓದುವವರೂ ತಡವರಿಸಿದರು. ಆದರೆ ಹೇಳಿದಲ್ಲೆಲ್ಲ ಹೇಳಿದ ವಸ್ತು ಇತ್ತು.

ಆಮೇಲೆ ಸಭಾ ಕೋಣೆಯಲ್ಲಿ ಎರಡೂ ಫೈಲುಗಳ ಚರಿತ್ರೆಯನ್ನು ಗೋಡೆಯ ಮೇಲಿನ ಪರದೆಯಲ್ಲಿ ತೆರೆದರು. ತಿದ್ದಿದವರ ಪಟ್ಟಿ ಇರುವುದು ನನಗೆ ಗೊತ್ತಿತ್ತು. ಸುಮ್ಮನೆ ನೋಡಿಹೋದವರ ಪಟ್ಟಿಯೂ ಇರುತ್ತದೆಂಬುದು ಗೊತ್ತಿರಲಿಲ್ಲ. ಆಕೆಯ ಫೈಲಿನ ಆ ಪಟ್ಟಿಯಲ್ಲಿ, ಕೆಲಸದ ಪ್ರತಿಯೊಂದು ದಿನ, ಬೆಳಿಗ್ಗೆ ಒಂಬತ್ತರ ಆಸುಪಾಸಿನಲ್ಲಿ, ನನ್ನ ಹೆಸರು. ಕೆಲವು ದಿನ ನಾಲ್ಕು ಸಲ. ಪರದೆಯನ್ನು ಕೆಳಗೆ ಸರಿಸಿದಷ್ಟೂ ನನ್ನ ಹೆಸರೇ ಬರುತ್ತಿತ್ತು.

“ಕಾಯ್ ರೇ,” ಎಂದರು ವ್ಯವಸ್ಥಾಪಕರು ಮರಾಠಿಯಲ್ಲಿ, “ಆಕೆಯ ಫೈಲನ್ನು ನೀನು ಆಕೆಗಿಂತ ಹೆಚ್ಚು ಓದಿದ್ದೀಯಲ್ಲ! ನಿನ್ನದನ್ನು ಯಾವಾಗ ಬರೆದೆ?”

ಈಗ ಎಲ್ಲರೂ ನಕ್ಕರು. ಆಕೆ ಮಾತ್ರ ತನ್ನ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಮತ್ತೆ ಹಾಕುತ್ತ ಕುಳಿತಿದ್ದಳು. ಹೊಣೆ ಆಕೆಗೆ ಹೋಯಿತು. ನನ್ನ ಫೈಲಿನ ಕೀಲಿಯನ್ನು ಅಲ್ಲಿಯೇ, ಎಲ್ಲರೆದುರು, ನನ್ನ ಕೈಯಿಂದಲೇ ತೆಗೆಸಿದರು.

ಮರಳುವ ಬಸ್ಸಿನಲ್ಲಿ ಆಕೆ ನನ್ನ ಹಿಂದಿನ ಸೀಟಿನಿಂದ ಮುಂದೆ ಬಾಗಿ ಮೆಲ್ಲಗೆ ಹೇಳಿದಳು.

“ನೀವು ದಿನಾ ಬಂದು ನೋಡ್ತೀರಿ ಅಂತ ನನಗ ಮೊದಲನೇ ವಾರದಾಗ ಗೊತ್ತಾಗಿತ್ರಿ. ಹೆದರಿಕಿನೂ ಬಂದಿತ್ತು. ತಪ್ಪು ಹುಡಕ್ಲಿಕ್ಕೆ ಬರ್ತಾರ, ಹೋಗಿ ಸಾಹೇಬರ ಮುಂದ ಹೇಳ್ತಾರ ಅಂತ.”

ನಾನು ಕಿಟಕಿಯ ಕಡೆಗೆ ತಿರುಗಿ ಕುಳಿತೆ.

“ಆಮ್ಯಾಲ, ಹೇಳಿದ್ರ ಹೇಳ್ಲಿ, ನನಗರ ಹೇಳ್ಲಿ ಅಂತ ಕಾದೆ. ಭಾಷಾದಾಗ ನಿಮ್ಮಷ್ಟು ಗಟ್ಟಿ ಯಾರಿದ್ದಾರ ಇಲ್ಲಿ? ಒಂದು ಸಾಲರ ಬರೀಬಾರದೇನ್ರಿ?”

“ನನಗೆ ಹೇಳುವಂಥದ್ದೇನೂ ಕಾಣಲಿಲ್ಲ,” ಎಂದೆ. ಮೂವತ್ತೊಂದು ತಪ್ಪುಗಳ ಡೈರಿ ನನ್ನ ತೊಡೆಯ ಮೇಲಿನ ಚೀಲದಲ್ಲಿಯೇ ಇತ್ತು.

ಆಕೆ ಹಿಂದಕ್ಕೆ ಒರಗಿ, ಫೋನಿನಲ್ಲಿ ಮನೆಯವರೊಂದಿಗೆ ಮಾತಿಗೆ ತೊಡಗಿದಳು. ನಗು ಕೇಳಿಸುತ್ತಿತ್ತು. ಹಾಗೆ ಕೂಡಲೇ ನಗಬಲ್ಲವಳೆಂಬುದಕ್ಕೂ ನನಗೆ ಹೊಟ್ಟೆ ಉರಿಯಿತು.

ಮರುದಿನ ನನ್ನ ತೆರೆದ ಫೈಲಿಗೆ ಕಾರ್ಖಾನೆಯಿಂದ ಹನ್ನೊಂದು ಟಿಪ್ಪಣಿಗಳು ಬಂದವು. ಮೊದಲನೆಯದು ಬಲಗಡೆಯ ವಾಲ್ವಿನದು. ಒಂದು ತಾಸು ಮುಟ್ಟಲಿಲ್ಲ. ಆಮೇಲೆ ಡೈರಿಯನ್ನು ತೆಗೆದು ಆಕೆಯ ಫೈಲಿಗೆ ಹೋದೆ. ಮೂವತ್ತೊಂದರಲ್ಲಿ ಮೂವತ್ತನ್ನು ಅಷ್ಟರಲ್ಲಿ ಬೇರೆಯವರು ತಿದ್ದಿಯಾಗಿತ್ತು. ಉಳಿದದ್ದು ಒಂದು, ಒಂದೇ ಎಚ್ಚರಿಕೆಯನ್ನು ಎರಡು ಕಡೆ ಎರಡು ಬಗೆಯಾಗಿ ಬರೆದದ್ದು. ಅದನ್ನು ತಿದ್ದಿದೆ. ಆ ಒಂದು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಎರಡೂ ಭಾಗ ಸೇರಿ ಕೈಪಿಡಿ ಅಚ್ಚಾಯಿತು. ಕೊಟ್ಟ ಮಾತಿನಂತೆ ಒಂದು ಪ್ರತಿಯನ್ನು ದೌಂಡಕ್ಕೆ ಒಯ್ದೆ. ತಂದೆಯವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನನ್ನ ಹೆಸರಿನ ಅಕ್ಷರಗಳ ಆಕಾರವನ್ನು ಮಾತ್ರ ಅಂಕಪಟ್ಟಿಗಳಿಂದ ಗುರುತಿಟ್ಟುಕೊಂಡಿದ್ದಾರೆ. ಪುಟದ ನೆತ್ತಿಯ ಮೇಲೆ ಬೆರಳಾಡಿಸಿದರು. ಇನ್ನೊಂದು ಪುಟ, ಮತ್ತೊಂದು ಪುಟ. ಕೊನೆಯ ಪುಟದಲ್ಲಿ ಕೆಲಸಕ್ಕೆ ನೆರವಾದವರ ಪಟ್ಟಿ ಇರುತ್ತದೆ. ಯಾರ ತಿದ್ದುಪಡಿ ಎಷ್ಟು ಉಳಿದಿದೆಯೋ ಆ ಕ್ರಮದಲ್ಲಿ ಸಾಫ್ಟ್‌ವೇರ್ ತಾನೇ ಅದನ್ನು ಜೋಡಿಸುತ್ತದೆ. ಮೊದಲು ಮೇಲ್ವಿಚಾರಕರು, ಆಮೇಲೆ ಇನ್ನೂ ಐವರು. ಎರಡು ತಿಂಗಳು ಬರೆದ ನನ್ನ ಭಾಗವನ್ನು ನಾನು ಮರಳಿಸಿದ್ದು ಒಂದೇ ಸಲ; ಅದನ್ನೂ ಉಳಿದವರು ಬಹುಪಾಲು ಬದಲಿಸಿದ್ದರು. ತಂದೆಯವರ ಬೆರಳು ಕೆಳಗಿನಿಂದ ಎರಡನೆಯ ಸಾಲಿನಲ್ಲಿ ನಿಂತಿತು.

“ಇಲ್ಲದ ನೋಡು,” ಎಂದರು. ಆಮೇಲೆ, “ಮ್ಯಾಲ ಯಾರದು?”

“ಒಬ್ಬಾಕಿದು. ಧಾರವಾಡದಾಕಿ.”

“ಭಾಳ ಚಂದ ಬರೀತಾಳೇನು?”

“ಇಲ್ಲಪ್ಪಾ. ತಪ್ಪು ಭಾಳ ಮಾಡ್ತಾಳ.”

“ಮತ್ತ ಹೆಂಗ ಮ್ಯಾಲ ಬಂತು?”

ಒಪ್ಪವಾದ ಉತ್ತರವೊಂದನ್ನು ಹುಡುಕಿದೆ.

“ಮಂದೀನ ಕೇಳ್ತಾಳ,” ಎಂದೆ.

ತಂದೆಯವರು ಕೈಪಿಡಿಯನ್ನು ಮುಚ್ಚಿ, ಅದರ ಅಂಚುಗಳನ್ನು ಸರಿಮಾಡಿ, ಕಪಾಟಿನಲ್ಲಿ, ಕೆಂಪು ಸುತ್ತಿನ ಆ ಹಳೆಯ ರಜೆ ಅರ್ಜಿಯನ್ನು ಇಂದಿಗೂ ಕಾಪಾಡಿಕೊಂಡಿರುವ ಡಬ್ಬಿಯ ಕೆಳಗೆ ಇಟ್ಟರು. ಅಲ್ಲಿ ಅದು ಮೇಲಿನಿಂದ ಕಾಣುವುದಿಲ್ಲ.

ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದು ಕಂಪ್ಯೂಟರ್ ತೆರೆದೆ. ಆಕೆಯ ಹೊಸ ಕೈಪಿಡಿಯ ಕರಡು ಆಗಲೇ ಬಂದಿತ್ತು. ಮೂರು ಹಳದಿ ಜಾಗಗಳು, ಏಳು ಟಿಪ್ಪಣಿಗಳು. ನಾನು ನೋಡುತ್ತಿರುವುದು ಆಕೆಗೆ ಕಾಣುತ್ತದೆಂದು ತಿಳಿದೇ ಎಣಿಸಿದೆ. ಎರಡನೆಯ ಹಳದಿ ಜಾಗಕ್ಕೆ ಉತ್ತರ ನನಗೆ ಗೊತ್ತಿತ್ತು. ಬೇರೆ ಯಾರಾದರೂ ಬರೆಯುವ ಮೊದಲು ಬರೆಯಬೇಕೆಂಬ ಆತುರದಲ್ಲಿ, ಒಮ್ಮೆಯೂ ತಿರುಗಿ ಓದದೆ, ಬರೆದುಬಿಟ್ಟೆ.